ತುರಹಳ್ಳಿ ಬಂಡೆಗೆ ಸ್ಟೀಲ್ ಫ್ರೇಮ್: ನನ್ನ ಅನುಭವ

ಬೆಂಗಳೂರಿನ ದಕ್ಷಿಣಕ್ಕಿರುವ ತುರಹಳ್ಳಿ ಕಾಡಿನ ಬಂಡೆಗಳ ಮೇಲೆ ಓಡಿಸುವ ಸೈಕಲ್ಲಿಗೆ ಸ್ಟೀಲ್ ಫ್ರೇಮ್ ಬೇಡವೇ ಬೇಡ ಅಂದವರಲ್ಲಿ ಕೆಲವರು ಈಗ ಸೈಜ್ ಯಾವುದು, ಎಲ್ಲಿಂದ ತರಿಸಿದೆ ಅಂತ ಕೇಳುತ್ತಿದ್ದಾರೆ. ಒಬ್ಬೊಬ್ಬರಿಗೂ ಬೇರೆ ಬೇರೆ ಹೇಳುವ ಬದಲು ಒಂದೇ ಸಲ ಬರೆದುಬಿಡುತ್ತೇನೆ. ಕ್ರೋಮೋಲಿ (ಕ್ರೋಮಿಯಂ, ಮಾಲಿಬ್ಡಿನಂ ಬೆರೆತ ಸ್ಟೀಲ್) ಹಾರ್ಡ್‌ಟೇಲ್, ಅಂದರೆ ಹಿಂದೆ ಸಸ್ಪೆನ್ಶನ್ ಇಲ್ಲದ್ದು, 29 ಇಂಚಿನ ಚಕ್ರ, ಮುಂದೆ 120 ಮಿ.ಮೀ. ಕುಸಿಯುವ ಸಸ್ಪೆನ್ಶನ್ ಫೋರ್ಕ್. ಪೆಡಲ್ ಸೇರಿ ತೂಕ 14 ಕಿಲೋಗೆ ಸ್ವಲ್ಪ ಕಡಿಮೆ. ಖರ್ಚು ಹೆಚ್ಚುಕಮ್ಮಿ 1.2 ಲಕ್ಷ. 

ಮೊದಲು ಇದ್ದದ್ದು ಅಲ್ಯೂಮಿನಿಯಂ ಫ್ರೇಮ್, 6061 ಅನ್ನುವ ದರ್ಜೆಯದು. ಹಳೇ ಕಾಲದ ಅಳತೆ: ಹೆಡ್ ಆಂಗಲ್ (ಫೋರ್ಕ್ ಕೂರುವ ಮುಂದಿನ ಕೊಳವೆ, ಅಂದರೆ ಹೆಡ್ ಟ್ಯೂಬ್, ನೆಲದೊಂದಿಗೆ ಮಾಡುವ ಕೋನ) 71 ಡಿಗ್ರಿ, ಹ್ಯಾಂಡಲ್ ಹಿಡಿಯುವ ಸ್ಟೆಮ್ ಉದ್ದ. ರಸ್ತೆಯಲ್ಲಿ ಚೆನ್ನಾಗಿ ಓಡುತ್ತಿತ್ತು. ತುರಹಳ್ಳಿಯಲ್ಲಿ ಎರಡು ಮಳೆಗಾಲ ಕಳೆಯುವಷ್ಟರಲ್ಲಿ ಬಿಬಿ (ಬಾಟಮ್ ಬ್ರ್ಯಾಕೆಟ್, ಪೆಡಲ್ ಅಚ್ಚು ತಿರುಗುವ ಜಾಗ) ಪಕ್ಕ, ಹಿಂದಿನ ಚಕ್ರಕ್ಕೆ ಹೋಗುವ ಚೈನ್‌ಸ್ಟೇ ಕೊಳವೆ ಬಿರುಕು ಬಿಟ್ಟಿತು. ಪೀಣ್ಯದಲ್ಲಿ ಟಿಗ್ ವೆಲ್ಡಿಂಗ್ ಮಾಡುವವರ ಹತ್ತಿರ ತಗೊಂಡು ಹೋದೆ. 600 ರೂಪಾಯಿ ತಗೊಂಡರು, ಕೆಲಸ ನೋಡೋಕೆ ಬಹಳ ಚೆನ್ನಾಗಿತ್ತು. ಕೆಲವೇ ವಾರದಲ್ಲಿ ಬೆಸುಗೆಯ ಪಕ್ಕದಲ್ಲೇ ಮತ್ತೆ ಬಿರುಕು. ಅದು ವೆಲ್ಡರ್ ತಪ್ಪಲ್ಲ. ಈ ಫ್ರೇಮ್‌ಗಳನ್ನು ಕಾರ್ಖಾನೆಯಲ್ಲಿ ಬೆಸೆದ ಮೇಲೆ ಕಾಯಿಸಿ, ತಣಿಸಿ, ಮತ್ತೆ ಓವನ್‌ನಲ್ಲಿಟ್ಟು ಗಟ್ಟಿ ಮಾಡಿರುತ್ತಾರೆ. ನಾವು ಆಮೇಲೆ ವೆಲ್ಡಿಂಗ್ ಟಾರ್ಚ್ ಹಿಡಿದರೆ ಸುತ್ತಲಿನ ಲೋಹ ಮೆತ್ತಗಾಗುತ್ತದೆ. ಇಡೀ ಫ್ರೇಮನ್ನು ಮತ್ತೆ ಓವನ್‌ಗೆ ಹಾಕಿಕೊಡುವವರು ನನಗಂತೂ ಸಿಗಲಿಲ್ಲ.

ಆಮೇಲೆ ಸೆಕೆಂಡ್ ಹ್ಯಾಂಡ್ ಕಾರ್ಬನ್ ಫ್ರೇಮ್, 45 ಸಾವಿರ ಇರಬೇಕು. ನಾಣ್ಯದಿಂದ ಉದ್ದಕ್ಕೂ ತಟ್ಟಿ ನೋಡಿ, ಎಲ್ಲೂ ಮಂಕು ಸದ್ದಿಲ್ಲ ಅಂತ ಖಾತ್ರಿ ಮಾಡಿಕೊಂಡೇ ತಂದಿದ್ದೆ. ಫ್ರೇಮ್ ಗಟ್ಟಿಯಾಗೇ ಇತ್ತು. ಕಾಟ ಕೊಟ್ಟಿದ್ದು ಥ್ರೆಡ್ ಇಲ್ಲದೆ ಒತ್ತಿ ಕೂರಿಸುವ ಪ್ರೆಸ್‌ಫಿಟ್ ಬಿಬಿ. ನಮ್ಮ ಕಡೆಯ ಬಂಡೆ ಪುಡಿಯಾಗಿ ಬೀಳುವ ಸಣ್ಣ ಹರಳು ಬೇರಿಂಗ್ ಕೂರುವ ಆ ಕಪ್ ಒಳಗೆ ಸೇರಿತೆಂದರೆ ಮುಗಿಯಿತು, ಪ್ರತಿ ಪೆಡಲಿಗೂ ಕಿರ್ ಅನ್ನುತ್ತದೆ. ಬಿಚ್ಚು, ಒರೆಸು, ಗ್ರೀಸ್ ಹಾಕು, ಒತ್ತು, ಮುಂದಿನ ಭಾನುವಾರ ಮತ್ತೆ ಕಿರ್. ಲೇತ್‌ನಲ್ಲಿ ಡೆಲ್ರಿನ್ ಅನ್ನುವ ಗಟ್ಟಿ ಪ್ಲಾಸ್ಟಿಕ್ಕಿನ ಕಪ್ ಕಡೆಸಿ ಹಾಕಿದೆ, ಒಂದೆರಡು ತಿಂಗಳು ಸುಮ್ಮನಿತ್ತು. ಬಿಬಿಗೇ 7-8 ಸಾವಿರ ಸುರಿದು, ಕೊನೆಗೆ ಫ್ರೇಮನ್ನು 15 ಸಾವಿರ ನಷ್ಟಕ್ಕೆ ಮಾರಿದೆ. ತಗೊಂಡವರು ರಸ್ತೆಯಲ್ಲೇ ಓಡಿಸುತ್ತಾರೆ, ಅವರಿಗೆ ಕಿರ್ ಇಲ್ಲವಂತೆ. ಇರಲಿ.

ಮುಂದೆ, ಹಿಂದೆ ಎರಡೂ ಕಡೆ ಸಸ್ಪೆನ್ಶನ್ ಇರುವ ಫುಲ್ ಸಸ್ಪೆನ್ಶನ್ ಬಗ್ಗೆ ಕೇಳುತ್ತೀರಿ, ಗೊತ್ತು. ಸ್ನೇಹಿತರೊಬ್ಬರದು ಸುಮಾರು ದಿನ ನನ್ನ ಹತ್ತಿರವೇ ಇತ್ತು. ಇಳಿಜಾರಲ್ಲಿ ಸ್ವರ್ಗ. ಹಿಂಭಾಗದ ಕೀಲುಗಳ ಪಿವಟ್ ಬೇರಿಂಗ್ ಊರಲ್ಲಿ ಸಿಗುತ್ತದೆ, ಅದು ತೊಂದರೆಯಲ್ಲ. ಶಾಕ್ ಅಬ್ಸಾರ್ಬರಿನ ಸೀಲ್ ಹೋದರೆ ರಿಪೇರಿ ಕಿಟ್ ಬರುವ ತನಕ ಸೈಕಲ್ ಗೋಡೆಗೆ ಒರಗಿ ನಿಂತಿರುತ್ತದೆ. ಅದೂ ಅಲ್ಲದೆ ನಮ್ಮ ತುರಹಳ್ಳಿಯ ಇಳಿಜಾರು ಎಷ್ಟು ಉದ್ದ ಹೇಳಿ? ಮಜಾ ಶುರುವಾಗುವಷ್ಟರಲ್ಲಿ ಕೆಳಗಿರುತ್ತೇವೆ. ಅದಕ್ಕೆ ಎರಡೂವರೆ ಲಕ್ಷ ಕೊಡೋಕೆ ನನಗೆ ಮನಸ್ಸು ಬರಲಿಲ್ಲ.

ಹೀಗೆಲ್ಲ ಆದ ಮೇಲೆ ಲೆಕ್ಕ ತಿರುಗಿಸಿದೆ. ತೂಕ, ಬ್ರ್ಯಾಂಡ್ ಎಲ್ಲ ಆಮೇಲೆ. ಮೊದಲ ಪ್ರಶ್ನೆ: ಈ ಫ್ರೇಮಿನಲ್ಲಿ ಏನೇ ಹೋದರೂ ಬೆಂಗಳೂರಿನಲ್ಲಿ ಒಂದು ವಾರದೊಳಗೆ ಸರಿ ಮಾಡಿಸಬಹುದಾ? ಹಾಗೆ ನೋಡುತ್ತಾ ಹೋದರೆ ಪಟ್ಟಿ ತಾನೇ ಚಿಕ್ಕದಾಗುತ್ತದೆ. ಬಿಬಿ 73 ಮಿ.ಮೀ. ಥ್ರೆಡ್ ಇರುವುದೇ ಬೇಕು. ಹೆಡ್ ಟ್ಯೂಬ್ 44 ಮಿ.ಮೀ. ಬೇಕು, ಯಾಕೆಂದರೆ ಕಪ್ ಬದಲಿಸಿದರೆ ಸ್ಟೀರರ್ (ಫೋರ್ಕಿನ ಮೇಲಿನ ಕೊಳವೆ) ನೇರ ಇರುವ ಹಳೇ ಫೋರ್ಕೂ ಕೂರುತ್ತದೆ, ಅದು ಕೆಳಗೆ ದಪ್ಪ ಇರುವ ಹೊಸ ಟೇಪರ್ಡ್ ಫೋರ್ಕೂ ಕೂರುತ್ತದೆ. ಹಿಂದೆ ಥ್ರೂ ಆಕ್ಸಲ್, ಅಂದರೆ ಚಕ್ರದ ನಡುವೆ ತೂರಿಸಿ ಬಿಗಿಸುವ ಅಚ್ಚು. ಅಗಲ 142 ಮಿ.ಮೀ. ಆಗಲಿ, ಬೂಸ್ಟ್ ಅನ್ನುವ 148 ಆಗಲಿ, ಕೈಯಲ್ಲಿರುವ ಹಬ್ (ಚಕ್ರದ ನಡುಭಾಗ) ಯಾವುದೋ ಅದು. ಕೇಬಲ್ ಎಲ್ಲ ಹೊರಗೇ ಓಡಬೇಕು. ಸೀಟ್ ಟ್ಯೂಬ್ 30.9 ಅಥವಾ 31.6, ಮುಂದೆ ಡ್ರಾಪರ್ (ಓಡಿಸುತ್ತಲೇ ಸೀಟ್ ಇಳಿಸುವ ಪೋಸ್ಟ್) ಹಾಕಬಹುದು. ಡಿರೇಲರ್ ಹ್ಯಾಂಗರ್ (ಗೇರ್ ಬದಲಿಸುವ ಡಿರೇಲರನ್ನು ಫ್ರೇಮಿಗೆ ತೂಗುಹಾಕುವ ತುಂಡು) ಮಾತ್ರ ಫ್ರೇಮ್ ಜೊತೆಗೇ ಎರಡು ಜಾಸ್ತಿ ತರಿಸಿ. ಬೇರೆಲ್ಲ ಸಿಗುತ್ತದೆ, ಅದು ಸಿಗುವುದಿಲ್ಲ.

ಸರ್ಲಿ ಕಂಪನಿಯ ಕರಾಟೆ ಮಂಕಿ ಅನ್ನುವ ಸ್ಟೀಲ್ ಫ್ರೇಮ್ ಬಹಳ ದಿನ ತಲೆಯಲ್ಲಿತ್ತು. ಹಿಂದಿನ ಅಗಲ 145 ಇಟ್ಟು, 142 ಹಬ್ ಹಾಕಿದರೆ ಸ್ಟೀಲ್ ಅಷ್ಟು ಒಳಗೆ ಬಾಗುತ್ತದೆ, 148 ಹಾಕಿದರೆ ಅಷ್ಟು ಹೊರಗೆ ಬಾಗುತ್ತದೆ ಅನ್ನುವ ಆ ಐಡಿಯಾ ನನಗೆ ಭಾರಿ ಇಷ್ಟ. ಬೆಲೆ ಕೈಗೆಟುಕಲಿಲ್ಲ. ಕೊನೆಗೆ ತೈವಾನಿನಲ್ಲಿ ತಯಾರಾದ, ಹೆಸರಿಲ್ಲದ್ದು ಅನ್ನಬಹುದಾದ ಒಂದು 4130 ಕ್ರೋಮೋಲಿ ಫ್ರೇಮ್ ತರಿಸಿದೆ. ಫ್ರೇಮ್, ಸಾಗಣೆ, ಕಸ್ಟಮ್ಸ್ ಎಲ್ಲ ಸೇರಿ 50 ಸಾವಿರದ ಆಸುಪಾಸು. ಅದರಲ್ಲಿ ಫ್ರೇಮಿನ ಬೆಲೆ ಅರ್ಧಕ್ಕಿಂತ ಸ್ವಲ್ಪ ಜಾಸ್ತಿ ಅಷ್ಟೇ, ಉಳಿದದ್ದು ದಾರಿಖರ್ಚು. ಬರೀ ಫ್ರೇಮ್ 2.6 ಕಿಲೋ. ಪಾರ್ಸೆಲ್ ಬಿಚ್ಚಿದಾಗ ನಮ್ಮ ಗುಂಪಿನವನೊಬ್ಬ ಎತ್ತಿ ನೋಡಿ, "ಏನ್ ಗುರು, ಗುಜರಿಯಿಂದ ತಂದ್ಯಾ?" ಅಂದ. ಮೌಂಟೇನ್ ಬೈಕ್ ಶುರು ಮಾಡಿದವರಲ್ಲಿ ಒಬ್ಬನಾದ ಜೋ ಬ್ರೀಜ್ 1977ರಲ್ಲಿ ಕ್ಯಾಲಿಫೋರ್ನಿಯಾದ ಬೆಟ್ಟ ಇಳಿಯೋಕೆ ಅಂತಲೇ ಕಟ್ಟಿದ ಫ್ರೇಮ್ ಕೂಡ ಕ್ರೋಮೋಲಿಯೇ ಕಣೋ ಅಂತ ಹೇಳಿದೆ. ಅವನು ಕೇಳಿಸಿಕೊಳ್ಳಲಿಲ್ಲ.

ಅಳತೆಗೆ ಬರೋಣ. ನನ್ನ ಎತ್ತರ 5 ಅಡಿ 6 ಇಂಚು. ಅಂಗಡಿಯ ಚಾರ್ಟ್ ನೋಡಿ ಸೈಜ್ ತಗೋಬೇಡಿ, ಒಂದೊಂದು ಕಂಪನಿಯ ಮೀಡಿಯಂ ಒಂದೊಂದು ಥರ. ನಾನು ಮಾಡಿದ್ದು ಇಷ್ಟು. ಗುಂಪಿನಲ್ಲಿ ಯಾರ ಸೈಕಲ್ ಮೇಲೆ ನಿಂತು ಓಡಿಸಿದಾಗ ಹಾಯಾಗಿ ಅನ್ನಿಸಿತೋ ಅದನ್ನೆಲ್ಲ ಮನೆಗೆ ತಂದು ಗೋಡೆಗೆ ನಿಲ್ಲಿಸಿದೆ. ಗಾರೆ ಕೆಲಸದವರು ಗೋಡೆ ನೇರ ನೋಡುವ ತೂಕದ ಗುಂಡು ಇರುತ್ತದಲ್ಲ, ಅದನ್ನು ಹೆಡ್ ಟ್ಯೂಬಿನ ತುದಿಯಿಂದ ಇಳಿಬಿಟ್ಟು, ದಾರದಿಂದ ಬಿಬಿ ನಡುವಿನ ತನಕ ಟೇಪ್ ಹಿಡಿದೆ. ವೆಬ್‌ಸೈಟಿನ ಅಂಕಿಗಿಂತ ಇದು ವಾಸಿ, ಯಾಕೆಂದರೆ ಬೇರೆ ಫೋರ್ಕ್ ಹಾಕಿರುವ ಸೈಕಲ್‌ಗೆ ವೆಬ್‌ಸೈಟ್ ಅಂಕಿ ಹೊಂದುವುದೇ ಇಲ್ಲ. ಈ ಅಳತೆಗೆ ರೀಚ್ ಅನ್ನುತ್ತಾರೆ. ನನಗೆ ಹಾಯಾಗಿದ್ದ ಸೈಕಲ್‌ಗಳೆಲ್ಲ 430ರಿಂದ 440 ಮಿ.ಮೀ. ನಡುವೆ ಬಂದವು. ಹಳೇ ಫ್ರೇಮ್ 395 ಇತ್ತು. ಬಂಡೆ ಇಳಿಯುವಾಗ ಯಾಕೆ ಎದೆ ಹ್ಯಾಂಡಲ್ ಮೇಲೆ ಹೋಗುತ್ತಿತ್ತು ಅಂತ ಆಗ ಅರ್ಥವಾಯಿತು. ಹೊಸದು 435, ಸ್ಟೆಮ್ 45 ಮಿ.ಮೀ.

ಹೆಡ್ ಆಂಗಲ್ ವಿಚಾರದಲ್ಲಿ ಎಲ್ಲರೂ ಮರೆಯುವ ಒಂದು ಮಾತು. ಹಾರ್ಡ್‌ಟೇಲ್ ಮೇಲೆ ಕೂತಾಗ ಮುಂಭಾಗ ಮಾತ್ರ ಕುಸಿಯುತ್ತದೆ, ಹಿಂಭಾಗ ಅಲ್ಲೇ ಇರುತ್ತದೆ. 120ರ ಫೋರ್ಕ್ ಕಾಲು ಭಾಗ ಕೂತರೆ 30 ಮಿ.ಮೀ. ಹೋಯಿತು. ಅಂದರೆ ಕಾಗದದ ಮೇಲಿನ ಆಂಗಲ್ ಒಂದೂವರೆ ಡಿಗ್ರಿಯಷ್ಟು ಕಡಿದಾಗುತ್ತದೆ. ಫುಲ್ ಸಸ್ಪೆನ್ಶನ್‌ನಲ್ಲಿ ಎರಡೂ ಕಡೆ ಕೂರುವುದರಿಂದ ಇಷ್ಟು ಬದಲಾಗುವುದಿಲ್ಲ. ಆದ್ದರಿಂದ ಅವರ 67 ಡಿಗ್ರಿ ಬೇರೆ, ನಮ್ಮ 67 ಬೇರೆ. ಹಾಗಂತ 64ಕ್ಕೆ ಹೋಗಬೇಡಿ. ಲಂಟಾನ ಪೊದೆ ನಡುವೆ ನಡಿಗೆಯ ವೇಗದಲ್ಲಿ ತಿರುಗುವಾಗ ಮುಂದಿನ ಚಕ್ರ ಎತ್ತೆತ್ತಲೋ ಹೋಗುತ್ತದೆ. ನಾನು 66.5 ತಗೊಂಡೆ. ಆಮೇಲೆ ಹೆಡ್ ಟ್ಯೂಬಿನ ಕೆಳಗಿನ ಕಪ್ಪಿಗೆ ಲೇತ್‌ನಲ್ಲಿ ಏನೋ ಒಂದು ಮಾಡಿಸಿ ಅದನ್ನು ಇನ್ನೂ ಸ್ವಲ್ಪ ಸರಿಮಾಡಿಕೊಂಡೆ. ಅದೇನು ಅಂತ ಸದ್ಯ ಕೇಳಬೇಡಿ, ಇನ್ನೊಂದು ಫ್ರೇಮ್ ಮೇಲೂ ನೋಡಿ ಆಮೇಲೆ ಹೇಳುತ್ತೇನೆ.

ಉಳಿದ ಖರ್ಚು ನೆನಪಿರುವಷ್ಟು: ಸೆಕೆಂಡ್ ಹ್ಯಾಂಡ್ ಏರ್ ಫೋರ್ಕ್ (ಸ್ಪ್ರಿಂಗ್ ಬದಲು ಗಾಳಿ ಇರುವುದು) 22 ಸಾವಿರ, ಸೀಲ್ ಕಿಟ್ ಬೇರೆ. 32 ಕಡ್ಡಿಯ ಚಕ್ರ ಕಟ್ಟಿಸಿದ್ದು 14-15 ಸಾವಿರ. ಗೇರ್ ಶಿಮಾನೋ ಡಿಯೋರ್ 11 ಸ್ಪೀಡ್, 11-51 ಹಲ್ಲಿನ ಕ್ಯಾಸೆಟ್ (ಹಿಂದಿನ ಚಕ್ರದ ಹಲ್ಲುಚಕ್ರಗಳ ಜೋಡಣೆ). 12 ಸ್ಪೀಡ್ ಯಾಕೆ ಬೇಡ ಅಂದರೆ ಅದಕ್ಕೆ ಮೈಕ್ರೋ ಸ್ಪ್ಲೈನ್ ಅನ್ನುವ ಬೇರೆ ಥರದ ಫ್ರೀಹಬ್ (ಹಬ್ ಮೇಲೆ ಕ್ಯಾಸೆಟ್ ಕೂರುವ ಭಾಗ) ಬೇಕು, 11ರದ್ದು ಹಳೇ ಹಬ್ ಮೇಲೇ ಕೂರುತ್ತದೆ. ಅಲ್ಲಿ ಉಳಿದ ದುಡ್ಡು ಬ್ರೇಕಿಗೆ ಹೋಯಿತು, ನಾಲ್ಕು ಪಿಸ್ಟನ್. ಇಳಿಜಾರಲ್ಲಿ ಒಂದು ಬೆರಳು ಸಾಕು.

ತುರಹಳ್ಳಿಯ ಹಾಸುಬಂಡೆಗಳು ಗೊತ್ತಲ್ಲ, ಬೇಸಿಗೆಯಲ್ಲಿ ಮೇಲೆ ಸಣ್ಣ ಹರಳು ರಾಗಿ ಚೆಲ್ಲಿದ ಹಾಗೆ ಬಿದ್ದಿರುತ್ತದೆ. ಬ್ರೇಕ್ ಹಿಡಿದರೆ ಜಾರುತ್ತೇವೆ, ಬಿಟ್ಟರೆ ವೇಗ ಏರುತ್ತದೆ. ಹಳೇ ಸೈಕಲ್ಲಿನಲ್ಲಿ ನಾನು ಇಳಿದು ನಡೆಯುತ್ತಿದ್ದ ದೊಡ್ಡ ಬಂಡೆಯನ್ನು ಈ ಫ್ರೇಮಿನಲ್ಲಿ ಮೊದಲ ವಾರವೇ ಓಡಿಸಿಕೊಂಡು ಇಳಿದೆ. ಹಿಂದೆ ಬಂದ ಫುಲ್ ಸಸ್ಪೆನ್ಶನ್ ಮಹಾಶಯರು ಮೇಲೇ ನಿಂತು ಫೋಟೋ ತೆಗೆಯುತ್ತಿದ್ದರು. ಗುಜರಿ ಅಂದವನೂ ಅಲ್ಲೇ ಇದ್ದ. ಬರೆಯೋಕೆ ಖುಷಿಯಾಗುತ್ತಿದೆ, ಸುಳ್ಳು ಯಾಕೆ ಹೇಳಲಿ.

ಹಾಗಂತ ಸ್ಟೀಲ್ ಹಾಕಿದ ತಕ್ಷಣ ರಸ್ತೆ ಹೂವಾಗುತ್ತದೆ ಅಂತ ಹೇಳುವವರ ಮಾತು ನಂಬಬೇಡಿ. ಮೆತ್ತಗೆ ಅನ್ನಿಸುವುದರಲ್ಲಿ ಮುಕ್ಕಾಲು ಪಾಲು ಟೈರಿನದು. 2.4 ಇಂಚಿನ ಟೈರ್, ಟ್ಯೂಬ್‌ಲೆಸ್, ಮುಂದೆ 21, ಹಿಂದೆ 24 ಪಿಎಸ್‌ಐ, ನನ್ನ ತೂಕ 70 ಕಿಲೋ. ಇದೇ ಫ್ರೇಮಿಗೆ 35 ಪಿಎಸ್‌ಐ ಹಾಕಿ ಓಡಿಸಿ ನೋಡಿ, ಸೊಂಟ ಮಾತಾಡುತ್ತದೆ. ಸ್ಟೀಲ್ ಲಾಭ ಬೇರೆ. ಡ್ರಾಪರ್ ಕೇಬಲಿಗೆ ಗೈಡ್ ಬೇಕಿತ್ತು, ಮನೆ ಹತ್ತಿರದ ಗ್ಯಾಸ್ ವೆಲ್ಡಿಂಗ್ ಅಂಗಡಿಯಲ್ಲಿ ಬೆಳ್ಳಿ ಬೆಸುಗೆ ಹಾಕಿಸಿದೆ. 300 ರೂಪಾಯಿ, ಒಂದು ಟೀ. ಪೇಂಟ್ ಸುಟ್ಟಿತು, ಉಗುರಿಗೆ ಹಚ್ಚುವ ಪಾಲಿಶ್ ಬಳಿದೆ. ಕಾರ್ಬನ್ ಮೇಲೆ ಇದನ್ನು ಮಾಡಿ ತೋರಿಸಿ ನೋಡೋಣ.

ನಡುವೆ ಒಂದಿಷ್ಟು ಹುಚ್ಚಾಟವೂ ನಡೆಯಿತು. ಹಿಂದಿನ ಚಕ್ರ ಮಾತ್ರ ಚಿಕ್ಕದು, 27.5 ಇಂಚಿನದು ಹಾಕಿ ನೋಡಿದೆ, ಈಗ ಅದೇ ಫ್ಯಾಷನ್ ಅಲ್ವಾ. ಹಿಂದಿನ ಆಕ್ಸಲ್ 19 ಮಿ.ಮೀ.ನಷ್ಟು ಕೆಳಗಿಳಿಯುತ್ತದೆ, ಬಿಬಿ ಒಂದು ಸೆಂಟಿಮೀಟರಿಗಿಂತ ಜಾಸ್ತಿ ಇಳಿಯುತ್ತದೆ. ತಿರುವಿನಲ್ಲಿ ಚುರುಕಾಗಿತ್ತು. ಹತ್ತುವಾಗ ಮಾತ್ರ ಪೆಡಲ್ ಕಲ್ಲಿಗೆ ಟಕ್ ಟಕ್ ಅಂತ ಹೊಡೆಯುತ್ತಲೇ ಇತ್ತು. 165 ಮಿ.ಮೀ.ನ ಗಿಡ್ಡ ಕ್ರ್ಯಾಂಕ್ (ಪೆಡಲ್ ಹಿಡಿಯುವ ತೋಳು) ಹಾಕಿದ ಮೇಲೂ ನಿಲ್ಲಲಿಲ್ಲ. ಬಿಚ್ಚಿಟ್ಟೆ.

ಸೀಲಂಟ್ (ಟ್ಯೂಬ್‌ಲೆಸ್ ಟೈರಿನ ತೂತು ಮುಚ್ಚುವ, ರಬ್ಬರ್ ಹಾಲಿನಿಂದ ಮಾಡುವ ದ್ರವ) ಕಥೆ ಇದಕ್ಕಿಂತ ಚೆನ್ನಾಗಿದೆ. ಜಾಲಿ ಮುಳ್ಳಿನ ಊರಿನಲ್ಲಿ ಸೀಲಂಟ್ ನೀರಿನ ಹಾಗೆ ಖರ್ಚಾಗುತ್ತದೆ, ಏಪ್ರಿಲ್‌ನಲ್ಲಂತೂ ಬೇಗ ಒಣಗಿ ತೊಗಲಾಗುತ್ತದೆ. ಸುಳ್ಯದಲ್ಲಿ ನಮ್ಮ ನೆಂಟರಿಗೆ ಸ್ವಲ್ಪ ರಬ್ಬರ್ ತೋಟ ಇದೆ. ಮಾವನಿಗೆ ಫೋನ್ ಮಾಡಿ ಹಾಲು ಬೇಕು ಅಂದೆ. "ಬೆಂಗಳೂರಲ್ಲಿ ಹಾಲು ಸಿಗುದಿಲ್ವಾ ಮಾರಾಯ?" ಅಂದರು. ಅಮೋನಿಯಾ ಹಾಕದೆ ತಂದರೆ ದಾರಿಯಲ್ಲೇ ಗಟ್ಟಿಯಾಗುತ್ತದೆ, ಮೊದಲ ಕ್ಯಾನ್ ಹಾಗೇ ಹೋಯಿತು. ಎರಡನೆಯದಕ್ಕೆ ಅಮೋನಿಯಾ, ನೀರು, ಕಾರಿನ ಕೂಲಂಟ್, ಹಳೇ ಟೈರ್ ಉಜ್ಜಿದ ಪುಡಿ ಹಾಕಿದೆ. ವಾಸನೆಗೆ ಮನೆಯಲ್ಲಿ ಜಗಳವಾಯಿತು, ಬಾಲ್ಕನಿಗೆ ಓಡಿಸಿದರು. ಮೊದಮೊದಲು ಟೈರಿನೊಳಗೆ ನಿಂಬೆಹಣ್ಣಿನ ಗಾತ್ರದ ಉಂಡೆ ಕಟ್ಟುತ್ತಿತ್ತು. ಈಗ ಪ್ರಮಾಣ ಸಿಕ್ಕಿದೆ, ಎರಡು ತಿಂಗಳು ಬರುತ್ತದೆ. ಲೀಟರಿಗೆ 150 ರೂಪಾಯಿಯೂ ಬೀಳುವುದಿಲ್ಲ. ಪ್ರಮಾಣ ಹೇಳುವುದಿಲ್ಲ, ಬೇಕಾದವರು ಬಾಟಲಿ ತನ್ನಿ, ತುಂಬಿಸಿ ಕೊಡುತ್ತೇನೆ.

ತುಕ್ಕಿಗೆ ಅಗಸೆ ಎಣ್ಣೆ, ಪೇಂಟ್ ಅಂಗಡಿಯಲ್ಲಿ ಸಿಗುವ ಕಾಯಿಸಿದ್ದು. ಫ್ರೇಮಿನ ತೂತುಗಳಿಗೆ ಟೇಪ್ ಹಚ್ಚಿ, ಒಳಗೆ ಸುರಿದು, ಎಲ್ಲ ಕಡೆ ತಿರುಗಿಸಿ, ಆಮೇಲೆ ಎರಡು ವಾರ ಒಣಗಲು ಬಿಟ್ಟೆ. ಬೇಗ ಬಿಲ್ಡ್ ಮಾಡಿದರೆ ಬಿಬಿಯಿಂದ ಅಂಟು ಸೋರುತ್ತಲೇ ಇರುತ್ತದೆ. ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಬಿಸಾಡಬೇಡಿ, ತಾನೇ ಬಿಸಿಯಾಗಿ ಹೊತ್ತಿಕೊಳ್ಳಬಹುದು. ಹರಡಿ ಒಣಗಿಸಿ. ಬಿಬಿ ಕೆಳಗಿನ ನೀರು ಹೋಗುವ ತೂತನ್ನು ಕಡ್ಡಿ ಹಾಕಿ ತೆರೆದಿಡಿ. ಸೆಪ್ಟೆಂಬರ್ ಮಳೆಯಲ್ಲಿ ನೆನೆದು ಬಂದ ದಿನ ನಾನು ಸೀಟ್ ಪೋಸ್ಟ್ ತೆಗೆದು ಸೈಕಲ್ ತಲೆಕೆಳಗಾಗಿ ನಿಲ್ಲಿಸುತ್ತೇನೆ, ಬರುವ ನೀರು ನೋಡಿದರೆ ನೀವೂ ಹಾಗೇ ಮಾಡುತ್ತೀರಿ.

ಈಗ ವಾರಕ್ಕೊಮ್ಮೆ ತುರಹಳ್ಳಿ, ಆಗಾಗ ಯಲಹಂಕ ಕಡೆಯ ಅವಲಹಳ್ಳಿ, ಮನಸ್ಸು ಬಂದರೆ ಮಾಗಡಿ ಕಡೆ ಸಾವನದುರ್ಗದ ಬುಡದ ಮಣ್ಣು ದಾರಿ. ಅವಲಹಳ್ಳಿಯ ನೀಲಗಿರಿ ಮರಗಳ ನಡುವೆ ಈ ಸೈಕಲ್ ಬಿಟ್ಟರೆ ಗೇರ್ ಬದಲಿಸುವುದೇ ಮರೆಯುತ್ತದೆ, ಬರೀ ಮೈ ವಾಲಿಸುತ್ತಾ ಹೋಗುವುದು. ಕಾಡು ಅರಣ್ಯ ಇಲಾಖೆಯದು, ಆ ಸಮಯಕ್ಕೆ ಬಿಡುತ್ತಾರಾ ಅಂತ ವಿಚಾರಿಸಿಕೊಂಡೇ ಹೊರಡಿ. ಮೆಟ್ರೋ ತುರಹಳ್ಳಿ ಹತ್ತಿರ ವಜರಹಳ್ಳಿ, ತಲಘಟ್ಟಪುರದ ತನಕ ಬಂದು ವರ್ಷಗಳಾದವು, ಆದರೆ ಮಡಚುವ ಸೈಕಲ್ ಮಾತ್ರ ಒಳಗೆ ಬಿಡುತ್ತಾರೆ. 29 ಇಂಚಿನ ಹಾರ್ಡ್‌ಟೇಲ್ ಮಡಚೋಕೆ ಇನ್ನೂ ಯಾರೂ ಕಲಿತಿಲ್ಲ, ನಾನೂ ಪ್ರಯತ್ನಿಸಿಲ್ಲ.

ಹೊಸ ಫ್ರೇಮಿಗೆ ದುಡ್ಡಿಲ್ಲದವರು ಹಳೇ ಸ್ಟೀಲ್ ಫ್ರೇಮ್ ನೋಡಿ. ಆಗಾಗ 10-12 ಸಾವಿರಕ್ಕೆ ಬರುತ್ತವೆ. ಡೌನ್ ಟ್ಯೂಬ್ (ಹೆಡ್ ಟ್ಯೂಬಿನಿಂದ ಬಿಬಿಗೆ ಇಳಿಯುವ ಕೊಳವೆ) ಕೆಳಭಾಗ, ಹೆಡ್ ಟ್ಯೂಬ್ ಹತ್ತಿರ ಬೆರಳು ಸವರಿ ನೋಡಿ. ಅಲ್ಲಿ ಅಲೆಯ ಹಾಗೆ ಉಬ್ಬಿದ್ದರೆ ಮುಂದೆ ಎಲ್ಲೋ ಗುದ್ದಿದೆ ಅಂತ ಅರ್ಥ. ಮೇಲಿನ ತುಕ್ಕಿಗೆ ಹೆದರಬೇಡಿ, ಬಿಬಿ ಬಿಚ್ಚಿಸಿ ಒಳಗೆ ಟಾರ್ಚ್ ಹಾಕಿ. ಎಲ್ಲಕ್ಕಿಂತ ಮೊದಲು ಸೀಟ್ ಪೋಸ್ಟ್ ಅಲ್ಲಾಡಿಸಿ. ಸ್ಟೀಲ್ ಒಳಗೆ ಅಲ್ಯೂಮಿನಿಯಂ ಪೋಸ್ಟ್ ವರ್ಷಗಟ್ಟಲೆ ಗ್ರೀಸ್ ಇಲ್ಲದೆ ಕೂತರೆ ಎರಡೂ ಕಚ್ಚಿಕೊಳ್ಳುತ್ತವೆ, ಆಮೇಲೆ ಗರಗಸ ಹಾಕಿ ಒಳಗಿನಿಂದ ಕೊಯ್ದು ತೆಗೆಯಬೇಕು. ಮಾರುವವರು "ಸೀಟ್ ಎತ್ತರ ನಿಮಗೆ ಸರಿಯಾಗೇ ಇದೆ ಬಿಡಿ ಸಾರ್" ಅಂದರೆ ಅಲ್ಲೇ ಎರಡು ಸಾವಿರ ಕಡಿಮೆ ಮಾಡಿ.