ರಸ್ತೆ ಗುಂಡಿಯಿಂದ ಕಾರಿಗೆ ಪೆಟ್ಟಾದಾಗ: ಯಾರಿಗೆ ದೂರು ಕೊಡಬೇಕು, ಏನನ್ನು ಕೇಳಬೇಕು

ಕರ್ನಾಟಕದಲ್ಲಿ ಕಾರು ಓಡಿಸುವವರ ಬಾಯಲ್ಲಿ ಮಳೆಗಾಲದುದ್ದಕ್ಕೂ ಕೇಳಿಬರುವ ಮಾತು ಒಂದೇ: ಇಷ್ಟೊಂದು ತೆರಿಗೆ ಕಟ್ಟಿಯೂ ಇಂಥ ರಸ್ತೆಯೇ? ಮಾತಿನಲ್ಲಿ ತಪ್ಪೇನೂ ಇಲ್ಲ. ರಾಜ್ಯದಲ್ಲಿ ಹೊಸ ಕಾರಿನ ಜೀವಿತಾವಧಿ ತೆರಿಗೆ ಅದರ ಬೆಲೆಗೆ ತಕ್ಕಂತೆ ಶೇ 13ರಿಂದ ಶೇ 18ರವರೆಗೆ ಇದ್ದು, ಆ ತೆರಿಗೆಯ ಮೇಲೆ ಮತ್ತೆ ಶೇ 11ರ ಉಪಕರ ಬೀಳುತ್ತದೆ. 12 ಲಕ್ಷ ರೂಪಾಯಿಯ ಪೆಟ್ರೋಲ್ ಕಾರಿಗೆ ಶೇ 17ರ ದರದಲ್ಲಿ 2,04,000 ರೂಪಾಯಿ ತೆರಿಗೆ, 22,440 ರೂಪಾಯಿ ಉಪಕರ, ಅಂದರೆ ಒಟ್ಟು 2,26,440 ರೂಪಾಯಿ, ಗಾಡಿ ರಸ್ತೆಗೆ ಇಳಿಯುವ ಮೊದಲೇ ಕೈಬಿಟ್ಟು ಹೋಗುತ್ತದೆ. ಇಂಧನದ ಮೇಲಿನ ರಾಜ್ಯ ಮಾರಾಟ ತೆರಿಗೆ ಬೇರೆ: ಪೆಟ್ರೋಲ್ ಮೇಲಿನದು 2024ರ ಜೂನ್‌ನಲ್ಲಿ ಶೇ 25.92ರಿಂದ ಶೇ 29.84ಕ್ಕೆ ಏರಿತು, ಡೀಸೆಲ್ ಮೇಲಿನದು 2025ರ ಏಪ್ರಿಲ್‌ನಲ್ಲಿ ಶೇ 21.17ಕ್ಕೆ ಮುಟ್ಟಿತು.

ಆದರೆ ಈ ವಾದವನ್ನು ಕೇಳಿಸಿಕೊಳ್ಳುವ ಕೌಂಟರ್ ಯಾವ ಕಚೇರಿಯಲ್ಲೂ ಇಲ್ಲ. ಈ ತೆರಿಗೆಗಳು ರಾಜ್ಯದ ಬೊಕ್ಕಸಕ್ಕೆ ಸೇರಿ ಬಜೆಟ್ಟಿನ ಮೂಲಕ ಹಂಚಿಕೆಯಾಗುತ್ತವೆಯೇ ಹೊರತು, ನೀವು ಕಟ್ಟಿದ ರಶೀದಿಗೂ ನಿಮ್ಮ ಬಡಾವಣೆಯ ಗುಂಡಿಗೂ ನೇರ ನಂಟಿಲ್ಲ. ಆ ಗುಂಡಿಗೆ ನಂಟಿರುವುದು ರಸ್ತೆಗೆ ಡಾಂಬರು ಹಾಕಿದ ಗುತ್ತಿಗೆದಾರನೊಂದಿಗೆ, ಕರಾರಿನಲ್ಲಿ ಬರೆದಿರುವ ದೋಷ ಹೊಣೆಗಾರಿಕೆ ಅವಧಿಯೊಂದಿಗೆ (ಅಂದರೆ, ಕೆಲಸ ಮುಗಿದ ಮೇಲೂ ಕೆಟ್ಟದ್ದನ್ನು ಗುತ್ತಿಗೆದಾರನೇ ಸರಿಪಡಿಸಬೇಕಾದ ಅವಧಿ) ಮತ್ತು ಮಾಡಿದ ಕೆಲಸದ ಲೆಕ್ಕ ದಾಖಲಿಸುವ ಅಳತೆ ಪುಸ್ತಕಕ್ಕೆ ಸಹಿ ಹಾಕಿದ ಎಂಜಿನಿಯರ್‌ನೊಂದಿಗೆ. ಆದ್ದರಿಂದ ತೆರಿಗೆಯ ಮಾತನ್ನು ಚುನಾವಣೆಗೆ ಇಟ್ಟುಕೊಂಡು, ದೂರಿನಲ್ಲಿ ಕರಾರಿನ ಮಾತನ್ನು ಎತ್ತುವುದೇ ಲೇಸು ಎಂಬುದು ನನ್ನ ಖಚಿತ ಅಭಿಪ್ರಾಯ.

ಪೆಟ್ಟು ಬಿದ್ದ ಕೂಡಲೇ

ಮಳೆನೀರು ತುಂಬಿದ ಗುಂಡಿಯ ಆಳ ಸ್ಟಿಯರಿಂಗ್ ಹಿಂದೆ ಕುಳಿತವರಿಗೆ ತಿಳಿಯುವುದಿಲ್ಲ. ತಪ್ಪಿಸಲಾಗದು ಎಂದು ಗೊತ್ತಾದಾಗ ಗುಂಡಿಗಿಂತ ಮೊದಲೇ ವೇಗ ತಗ್ಗಿಸಿ, ಚಕ್ರ ಇಳಿಯುವ ಹೊತ್ತಿಗೆ ಬ್ರೇಕಿನಿಂದ ಕಾಲು ತೆಗೆಯಬೇಕು; ಬ್ರೇಕ್ ಒತ್ತಿಕೊಂಡೇ ಇಳಿದರೆ ಮುಂಭಾಗದ ಸಸ್ಪೆನ್ಷನ್ ಮೊದಲೇ ಕುಗ್ಗಿರುವುದರಿಂದ ಪೆಟ್ಟೆಲ್ಲ ರಿಮ್ಮಿಗೆ ಬೀಳುತ್ತದೆ. ಪಕ್ಕಕ್ಕೆ ಹಠಾತ್ತನೆ ತಿರುಗಿಸುವುದಂತೂ ಬೇಡವೇ ಬೇಡ, ಏಕೆಂದರೆ ಬೈಕ್ ಸವಾರರು ಅದೇ ಗುಂಡಿಯನ್ನು ತಪ್ಪಿಸಲು ನಿಮ್ಮ ಎಡಬಲಗಳಲ್ಲೇ ಇರುತ್ತಾರೆ.

ಸುರಕ್ಷಿತ ಜಾಗದಲ್ಲಿ ನಿಲ್ಲಿಸಿದ ಮೇಲೆ ನೋಡಬೇಕಾದದ್ದು ಟೈರಿನ ಪಕ್ಕೆ. ಅಲ್ಲಿ ನಿಂಬೆಹಣ್ಣಿನ ಗಾತ್ರದ ಉಬ್ಬು ಎದ್ದಿದ್ದರೆ ಒಳಗಿನ ದಾರ ಹರಿದಿದೆ ಎಂದರ್ಥ. ಗಾಳಿ ಇಳಿದಿಲ್ಲವೆಂದು ಅದೇ ಟೈರಿನಲ್ಲಿ ಹೆದ್ದಾರಿ ಹತ್ತಬಾರದು, ಪಂಕ್ಚರ್ ಅಂಗಡಿಯಲ್ಲಿ ಅದಕ್ಕೆ ಮದ್ದೂ ಇಲ್ಲ. ಬಳಿಕ ಬಗ್ಗಿ ನೋಡಿ, ಎಂಜಿನ್ ಕೆಳಗಿನ ಆಯಿಲ್ ಚೇಂಬರ್‌ನಿಂದ ಹನಿ ಬೀಳುತ್ತಿದ್ದರೆ ಗಾಡಿಯನ್ನು ಸ್ಟಾರ್ಟ್ ಮಾಡದೆ ಟೋಯಿಂಗ್‌ಗೆ ಕರೆ ಮಾಡಬೇಕು. ಸಮತಟ್ಟಾದ ರಸ್ತೆಯಲ್ಲಿ ಸ್ಟಿಯರಿಂಗ್ ಒಂದು ಕಡೆಗೆ ಎಳೆದರೆ ಅಲೈನ್‌ಮೆಂಟ್ ಹೋಗಿರುತ್ತದೆ, ವೇಗ ಹೆಚ್ಚಿದಂತೆ ನಡುಗಿದರೆ ರಿಮ್ ಬೆಂಡ್ ಆಗಿರುವ ಸಂಭವ ಹೆಚ್ಚು. ಅಲೈನ್‌ಮೆಂಟ್ ಅಂಗಡಿಯ ಯಂತ್ರ ಸರಿಪಡಿಸುವ ಮುಂಚಿನ ಮತ್ತು ನಂತರದ ಅಳತೆಗಳನ್ನು ಮುದ್ರಿಸಿ ಕೊಡುತ್ತದೆ. ಆ ಹಾಳೆಯನ್ನು ಕೇಳಿ ಪಡೆದು, ದಿನಾಂಕವಿರುವ ಬಿಲ್ಲಿನೊಂದಿಗೆ ಇಟ್ಟುಕೊಳ್ಳಿ.

ಫೋಟೊಗಳು ಮೂರು ಇದ್ದರೆ ಸಾಕು. ಒಂದರಲ್ಲಿ ಗುಂಡಿಯ ಜೊತೆಗೆ ಅಂಗಡಿಯ ನಾಮಫಲಕವೋ ಬಸ್ ನಿಲ್ದಾಣವೋ ಕಾಣಬೇಕು, ಇನ್ನೊಂದರಲ್ಲಿ ಆಳ ತಿಳಿಯುವಂತೆ ಗುಂಡಿಯೊಳಗೆ ನಿಲ್ಲಿಸಿದ ಒಂದು ಲೀಟರ್ ನೀರಿನ ಬಾಟಲಿ ಇರಬೇಕು, ಮತ್ತೊಂದರಲ್ಲಿ ಅದೇ ಸ್ಥಳದಲ್ಲಿ ನಿಂತಿರುವ ವಾಹನದ ಹಾನಿ ಕಾಣಬೇಕು. ಸ್ಥಳ ಮತ್ತು ಸಮಯ ಚಿತ್ರದ ಮೇಲೆಯೇ ಅಚ್ಚಾಗುವ ಜಿಪಿಎಸ್ ಕ್ಯಾಮೆರಾ ಆ್ಯಪ್ ಬಳಸಿದರೆ ಮುಂದೆ ವಾದಕ್ಕೆ ಎಡೆಯಿರುವುದಿಲ್ಲ. ಸಂಚಾರ ಹರಿಯುತ್ತಿರುವಾಗ ಮಾತ್ರ ಫೋಟೊಗಾಗಿ ರಸ್ತೆಯ ನಡುವೆ ಹೋಗಬಾರದು.

ವಿಮೆಯಲ್ಲಿ ಕೇಳಬೇಕೇ, ಬೇಡವೇ

ಬಹುತೇಕರು ಎಡವುವುದು ಇಲ್ಲಿಯೇ. ಸಾಮಾನ್ಯ ಸಮಗ್ರ ವಿಮೆಯಲ್ಲಿ ಟೈರ್ ಒಂದೇ ಹಾಳಾಗಿದ್ದರೆ ಏನೂ ಸಿಗುವುದಿಲ್ಲ. ಅದೇ ಪೆಟ್ಟಿಗೆ ವಾಹನದ ಬೇರೆ ಭಾಗವೂ ಹಾಳಾಗಿದ್ದರೆ ಮಾತ್ರ ಟೈರಿನ ಬದಲಿ ವೆಚ್ಚದಲ್ಲಿ ಶೇ 50ರಷ್ಟು ಸಿಗುತ್ತದೆ. ಲೋಹದ ಭಾಗಗಳಿಗೆ ಗಾಡಿಯ ವಯಸ್ಸಿಗೆ ತಕ್ಕಂತೆ ಸವಕಳಿ ಕಡಿತವಾಗುತ್ತದೆ: ಮೂರರಿಂದ ನಾಲ್ಕು ವರ್ಷದ ಕಾರಿಗೆ ಶೇ 25, ಐದರಿಂದ ಹತ್ತು ವರ್ಷದ್ದಕ್ಕೆ ಶೇ 40. ಇದರ ಮೇಲೆ 1,500 ಸಿಸಿವರೆಗಿನ ಕಾರಿಗೆ 1,000 ರೂಪಾಯಿ, ಅದಕ್ಕಿಂತ ದೊಡ್ಡದಕ್ಕೆ 2,000 ರೂಪಾಯಿಯನ್ನು ಕಡ್ಡಾಯವಾಗಿ ಮಾಲೀಕರೇ ಭರಿಸಬೇಕು.

ಒಂದು ಲೆಕ್ಕ ಹಾಕೋಣ. ಮೂರೂವರೆ ವರ್ಷದ ಸಣ್ಣ ಕಾರು. 7,000 ರೂಪಾಯಿಯ ಟೈರ್, 12,000 ರೂಪಾಯಿಯ ಅಲಾಯ್ ರಿಮ್ ಎರಡೂ ಹೋಗಿವೆ ಎಂದುಕೊಳ್ಳಿ. ಟೈರಿಗೆ 3,500, ರಿಮ್ಮಿಗೆ 9,000, ಅದರಲ್ಲಿ 1,000 ಕಳೆದು ಕೈಗೆ ಬರುವುದು 11,500 ರೂಪಾಯಿ. ಈಗ ಎದುರು ಪಕ್ಕದ ಲೆಕ್ಕ. ಮೂರು ವರ್ಷ ಕ್ಲೇಮ್ ಮಾಡದವರಿಗೆ ಶೇ 35 ನೋ ಕ್ಲೇಮ್ ಬೋನಸ್, ಅಂದರೆ ಪ್ರೀಮಿಯಂನಲ್ಲಿ ರಿಯಾಯಿತಿ, ಬಂದಿರುತ್ತದೆ, ಮುಂದಿನ ನವೀಕರಣದಲ್ಲಿ ಅದು ಶೇ 45, ಆಮೇಲೆ ಶೇ 50 ಆಗಬೇಕು. ಕ್ಲೇಮ್ ಮಾಡಿದರೆ ಅದು ಸೊನ್ನೆಗೆ ಇಳಿದು ಮತ್ತೆ 20, 25, 35, 45 ಎಂದು ಮೆಟ್ಟಿಲು ಹತ್ತಬೇಕು. ಈ ರಿಯಾಯಿತಿ ಅನ್ವಯಿಸುವ ಸ್ವಂತ ಹಾನಿ ವಿಭಾಗದ (ನಿಮ್ಮದೇ ಗಾಡಿಯ ಹಾನಿಗೆ ಕಟ್ಟುವ) ಪ್ರೀಮಿಯಂ ಬೋನಸ್‌ಗೆ ಮುಂಚೆ 10,000 ರೂಪಾಯಿ ಎಂದಿಟ್ಟುಕೊಂಡರೆ ಮುಂದಿನ ಐದು ವರ್ಷಗಳಲ್ಲಿ ಕ್ರಮವಾಗಿ 4,500, 3,000, 2,500, 1,500 ಮತ್ತು 500, ಒಟ್ಟು 12,000 ರೂಪಾಯಿ ಹೆಚ್ಚಿಗೆ ಕಟ್ಟಬೇಕಾಗುತ್ತದೆ. ವಾಹನ ಹಳತಾದಂತೆ ಪ್ರೀಮಿಯಂ ಇಳಿಯುವುದರಿಂದ ನಷ್ಟ ಇದಕ್ಕಿಂತ ತುಸು ಕಡಿಮೆಯಾದೀತು, ಆದರೂ ಕೊಟ್ಟದ್ದಕ್ಕೂ ಪಡೆದದ್ದಕ್ಕೂ ಸರಿಹೋಯಿತು ಎನ್ನುವಷ್ಟೇ. ಹಾಗಾಗಿ ಸಸ್ಪೆನ್ಷನ್, ಚೇಂಬರ್, ಎಂಜಿನ್‌ವರೆಗೆ ಹೋದ ದೊಡ್ಡ ಹಾನಿಗೆ ಮಾತ್ರ ಕ್ಲೇಮ್ ಮಾಡುವುದು ಜಾಣತನ; ಬೋನಸ್ ರಕ್ಷಣೆಯ ಹೆಚ್ಚುವರಿ ಕವರ್ ಇದ್ದವರ ಲೆಕ್ಕ ಬೇರೆ. ಕ್ಲೇಮ್ ಮಾಡುವುದೇ ಆದರೆ ರಿಪೇರಿಗೆ ಮೊದಲು ಕಂಪನಿಗೆ ತಿಳಿಸಿ, ಹಾನಿ ಅಂದಾಜಿಸುವ ಸರ್ವೇಯರ್ ನೋಡುವವರೆಗೆ ಹಳೆಯ ಟೈರ್ ಮತ್ತು ರಿಮ್ ಎಸೆಯದಂತೆ ಗ್ಯಾರೇಜಿನವರಿಗೆ ಹೇಳಿಡಬೇಕು.

ರಸ್ತೆ ಯಾರದು

ದೂರು ತಪ್ಪು ಬಾಗಿಲಿಗೆ ಹೋದರೆ ‘ನಮ್ಮ ವ್ಯಾಪ್ತಿಗೆ ಬರುವುದಿಲ್ಲ’ ಎಂಬ ಉತ್ತರದೊಂದಿಗೆ ಮುಚ್ಚಿಹೋಗುತ್ತದೆ. ಊರಾಚೆ ಇದನ್ನು ತಿಳಿಯಲು ಕಿಲೋಮೀಟರ್ ಕಲ್ಲನ್ನು ನೋಡಿದರೆ ಸಾಕು: ತಲೆ ಹಳದಿಯಿದ್ದರೆ ರಾಷ್ಟ್ರೀಯ ಹೆದ್ದಾರಿ, ಹಸಿರಿದ್ದರೆ ರಾಜ್ಯ ಹೆದ್ದಾರಿ, ಕಿತ್ತಳೆಯಿದ್ದರೆ ಗ್ರಾಮೀಣ ರಸ್ತೆ. ರಾಷ್ಟ್ರೀಯ ಹೆದ್ದಾರಿಯ ದೂರಿಗೆ 1033 ಸಹಾಯವಾಣಿ ಮತ್ತು ರಾಜಮಾರ್ಗಯಾತ್ರಾ ಆ್ಯಪ್ ಇವೆ. ರಾಜ್ಯ ಹೆದ್ದಾರಿ ಲೋಕೋಪಯೋಗಿ ಇಲಾಖೆಯದು. ಹಳ್ಳಿಯ ರಸ್ತೆಗಳಿಗೆ ಪಂಚಾಯತ್ ರಾಜ್ ಎಂಜಿನಿಯರಿಂಗ್ ವಿಭಾಗವನ್ನು ಕೇಳಬೇಕು.

ಬೆಂಗಳೂರಿನ ಕಥೆ ಜಟಿಲ. 2025ರ ಸೆಪ್ಟೆಂಬರ್ 2ರಿಂದ ಬಿಬಿಎಂಪಿಯ ಜಾಗದಲ್ಲಿ ಗ್ರೇಟರ್ ಬೆಂಗಳೂರು ಪ್ರಾಧಿಕಾರದ ಅಡಿ ಕೇಂದ್ರ, ಪೂರ್ವ, ಪಶ್ಚಿಮ, ಉತ್ತರ ಮತ್ತು ದಕ್ಷಿಣ ಎಂಬ ಐದು ನಗರ ಪಾಲಿಕೆಗಳಿವೆ. ಒಂದೇ ಉದ್ದನೆಯ ರಸ್ತೆಯಲ್ಲಿ ಒಂದು ತುದಿ ಒಂದು ಪಾಲಿಕೆಗೆ, ಇನ್ನೊಂದು ತುದಿ ಮತ್ತೊಂದಕ್ಕೆ ಸೇರಿರಬಹುದು. ಬಳ್ಳಾರಿ ರಸ್ತೆ, ತುಮಕೂರು ರಸ್ತೆಗಳಲ್ಲಿ ಮುಂದೆ ಸಾಗಿದಂತೆ ಹೆದ್ದಾರಿ ಪ್ರಾಧಿಕಾರದ ಗಡಿ ಶುರುವಾಗುತ್ತದೆ. ಡಾಂಬರು ಹಾಕಿ ತಿಂಗಳಾಗುವ ಮೊದಲೇ ಜಲಮಂಡಳಿಯವರೋ ವಿದ್ಯುತ್ ಕೇಬಲ್ಲಿನವರೋ ಅಗೆದು ಮಣ್ಣು ಮುಚ್ಚಿ ಹೋಗಿದ್ದರೆ ದೂರಿನಲ್ಲಿ ಅದನ್ನೂ ಸ್ಪಷ್ಟವಾಗಿ ಬರೆಯಬೇಕು, ಏಕೆಂದರೆ ಅಗೆತಕ್ಕೆ ಅನುಮತಿ ಕೊಟ್ಟ ದಾಖಲೆ ಪಾಲಿಕೆಯಲ್ಲಿಯೇ ಇರಬೇಕು. ನಗರದಲ್ಲಿ 1533ಕ್ಕೆ ಕರೆ ಮಾಡಬಹುದು. ಅಲ್ಲಿ ಕೆಲಸವಾಗದಿದ್ದರೆ ರಾಜ್ಯದ ಯಾವ ಇಲಾಖೆಗೂ ದೂರು ತಲುಪಿಸುವ ಜನಸ್ಪಂದನ ಸಹಾಯವಾಣಿ 1902 ಇದೆ. ಎರಡರಲ್ಲೂ ದೂರಿನ ಸಂಖ್ಯೆ ಪಡೆಯದೆ ಫೋನ್ ಇಡಬಾರದು.

ದೂರಿನ ಒಕ್ಕಣೆ ಚಿಕ್ಕದಾಗಿರಲಿ. ‘ರಸ್ತೆ ಹದಗೆಟ್ಟಿದೆ’ ಎಂದು ಬರೆದರೆ ಒಂದು ಬುಟ್ಟಿ ಜಲ್ಲಿ ಸುರಿದು ಕೈತೊಳೆದುಕೊಳ್ಳುತ್ತಾರೆ. ಗುಂಡಿಯ ಅಂಚನ್ನು ಚೌಕಾಕಾರಕ್ಕೆ ಕತ್ತರಿಸಿ, ನೀರು ಮತ್ತು ದೂಳು ತೆಗೆದು, ಅಂಟು ಡಾಂಬರು ಬಳಿದು, ಮಿಶ್ರಣ ತುಂಬಿ ರೋಲರ್ ಓಡಿಸಿದರೆ ಮಾತ್ರ ತೇಪೆ ನಿಲ್ಲುತ್ತದೆ; ಬಿಡಿಜಲ್ಲಿ ಮುಂದಿನ ಮಳೆಗೆ ಹೊರಬಂದು ಬೈಕ್ ಸವಾರರನ್ನು ಬೀಳಿಸುತ್ತದೆ. ಆದ್ದರಿಂದ ‘ಅಂಚು ಕತ್ತರಿಸಿ ಡಾಂಬರು ಮಿಶ್ರಣದಿಂದ ದುರಸ್ತಿ ಮಾಡಬೇಕು, ಪಕ್ಕದ ಚರಂಡಿಯ ಹೂಳು ತೆಗೆಯಬೇಕು’ ಎಂದೇ ಬರೆಯಿರಿ. ಚರಂಡಿ ಕಟ್ಟಿಕೊಂಡು ನೀರು ರಸ್ತೆಯ ಮೇಲೆ ನಿಲ್ಲುವ ಕಡೆ ಎಷ್ಟು ತೇಪೆ ಹಾಕಿದರೂ ಹೊಳೆಯಲ್ಲಿ ಹುಣಸೆ ತೊಳೆದಂತೆ. ಹಂಪ್‌ಗಳ ವಿಷಯಕ್ಕೂ ಇದೇ ಮಾತು: ದೇಶದ ರಸ್ತೆಗಳಿಗೆ ತಾಂತ್ರಿಕ ಮಾನದಂಡ ರೂಪಿಸುವ ಸಂಸ್ಥೆಯಾದ ಇಂಡಿಯನ್ ರೋಡ್ಸ್ ಕಾಂಗ್ರೆಸ್‌ನ ಪ್ರಕಾರ ಹಂಪ್ 3.7 ಮೀಟರ್ ಅಗಲ, 10 ಸೆಂಟಿಮೀಟರ್ ಎತ್ತರವಿದ್ದು, ಬಣ್ಣದ ಪಟ್ಟಿಯೂ ಮುಂಚಿತವಾಗಿ ಎಚ್ಚರಿಕೆ ಫಲಕವೂ ಇರಬೇಕು. ಬಡಾವಣೆಯವರೇ ರಾತ್ರೋರಾತ್ರಿ ಹಾಕಿಕೊಂಡ ಸಿಮೆಂಟ್ ದಿಂಡು ಈ ಅಳತೆಯ ಹತ್ತಿರವೂ ಬರುವುದಿಲ್ಲ, ಆದರೆ ಅದನ್ನು ತೆಗೆಸಲು ಹೊರಟರೆ ನೆರೆಹೊರೆಯವರ ಸಿಟ್ಟಿಗೆ ಸಿದ್ಧರಿರಬೇಕು.

ಮಾಹಿತಿ ಹಕ್ಕಿನ ಅರ್ಜಿ

ದೂರು ‘ಕಾಮಗಾರಿ ಪೂರ್ಣಗೊಂಡಿದೆ’ ಎಂದು ಮುಚ್ಚಿಹೋಗಿ ಗುಂಡಿ ಹಾಗೆಯೇ ಉಳಿದಾಗ 10 ರೂಪಾಯಿಯ ಅರ್ಜಿ ಮಾಡುವ ಕೆಲಸವನ್ನು ಹತ್ತು ಫೋನ್ ಕರೆಗಳು ಮಾಡಲಾರವು. ಕರ್ನಾಟಕದ ನಿಯಮದಂತೆ ಅರ್ಜಿ ಒಂದೇ ವಿಷಯಕ್ಕೆ ಸೀಮಿತವಾಗಿ, 150 ಪದಗಳೊಳಗೆ ಇರಬೇಕು. ಇದನ್ನು ಮರೆತು ಎರಡು ಪುಟದ ಅಳಲು ಬರೆದವರ ಅರ್ಜಿ ವಾಪಸ್ ಬರಬಹುದು. ‘ಏಕೆ ದುರಸ್ತಿ ಮಾಡಿಲ್ಲ’ ಎಂದು ಕೇಳಬಾರದು, ಏಕೆಂದರೆ ಕಾಯ್ದೆ ಕೊಡಿಸುವುದು ದಾಖಲೆಯನ್ನು, ವಿವರಣೆಯನ್ನಲ್ಲ. ಒಕ್ಕಣೆ ಹೀಗಿರಬಹುದು:

‘ಇಂಥ ವೃತ್ತದಿಂದ ಇಂಥ ಜಂಕ್ಷನ್‌ವರೆಗಿನ ಇಂಥ ರಸ್ತೆಗೆ ಕೊನೆಯ ಬಾರಿ ಡಾಂಬರೀಕರಣ ಮಾಡಿದ ಕಾಮಗಾರಿಗೆ ಸಂಬಂಧಿಸಿದ ಈ ದಾಖಲೆಗಳ ದೃಢೀಕೃತ ಪ್ರತಿಗಳನ್ನು ನೀಡಿ: ಕಾರ್ಯಾದೇಶ, ಕಾಮಗಾರಿ ಪೂರ್ಣಗೊಂಡ ಪ್ರಮಾಣಪತ್ರ, ದೋಷ ಹೊಣೆಗಾರಿಕೆ ಅವಧಿ ನಮೂದಾಗಿರುವ ಕರಾರಿನ ಪುಟ, ಅಳತೆ ಪುಸ್ತಕದ ಸಂಬಂಧಿತ ಪುಟಗಳು, ಸದರಿ ಅವಧಿಯಲ್ಲಿ ದುರಸ್ತಿಗಾಗಿ ಗುತ್ತಿಗೆದಾರರಿಗೆ ಕಳುಹಿಸಿದ ಪತ್ರಗಳು.’

ಉತ್ತರಕ್ಕೆ 30 ದಿನಗಳ ಗಡುವಿದೆ. ಬಾರದಿದ್ದರೆ ಆ ಬಳಿಕದ 30 ದಿನಗಳೊಳಗೆ ಅದೇ ಕಚೇರಿಯ ಮೇಲಧಿಕಾರಿಗೆ ಮೊದಲ ಮೇಲ್ಮನವಿ ಸಲ್ಲಿಸಬೇಕು. ಹೊಣೆಗಾರಿಕೆ ಅವಧಿ ಇನ್ನೂ ಮುಗಿದಿಲ್ಲ ಎಂದು ಕಾಗದದಲ್ಲಿ ಕಂಡರೆ ದುರಸ್ತಿಯ ಖರ್ಚು ಗುತ್ತಿಗೆದಾರನದು, ಸಾರ್ವಜನಿಕರದ್ದಲ್ಲ. ಆ ಪುಟದ ಪ್ರತಿಯನ್ನು ಲಗತ್ತಿಸಿ ಕಾರ್ಯಪಾಲಕ ಎಂಜಿನಿಯರ್‌ಗೆ ಪತ್ರ ಬರೆದು, ಸ್ವೀಕೃತಿ ಮೊಹರು ಹಾಕಿಸಿಕೊಳ್ಳಬೇಕು.

ಟೋಲ್ ಕೊಟ್ಟ ರಸ್ತೆಯಾದರೆ

ಇಲ್ಲಿ ಮಾತ್ರ ‘ಹಣ ಕೊಟ್ಟಿದ್ದೇನೆ’ ಎಂಬ ವಾದಕ್ಕೆ ತೂಕವಿದೆ, ಏಕೆಂದರೆ ಟೋಲ್ ಎಂಬುದು ತೆರಿಗೆಯಲ್ಲ, ಆ ನಿರ್ದಿಷ್ಟ ರಸ್ತೆಯ ಬಳಕೆಗೆ ಪಡೆಯುವ ಶುಲ್ಕ. ಕೇರಳದ ತ್ರಿಶ್ಶೂರ್ ಜಿಲ್ಲೆಯ ಪಾಲಿಯೆಕ್ಕರದಲ್ಲಿ ಹೆದ್ದಾರಿಯ ದುಃಸ್ಥಿತಿಗಾಗಿ ಅಲ್ಲಿನ ಹೈಕೋರ್ಟ್ 2025ರ ಆಗಸ್ಟ್‌ನಲ್ಲಿ ಟೋಲ್ ಸಂಗ್ರಹವನ್ನು ತಡೆಹಿಡಿದಾಗ, ಸುಪ್ರೀಂ ಕೋರ್ಟ್ ಆ ಆದೇಶವನ್ನು ಎತ್ತಿಹಿಡಿಯಿತು. ಟೋಲ್ ರಸ್ತೆಯಲ್ಲಿ ಹಾನಿಯಾದರೆ ಫಾಸ್ಟ್ಯಾಗ್ ಕಡಿತದ ಸಂದೇಶವನ್ನು ಅಳಿಸದೆ ಉಳಿಸಿಕೊಳ್ಳಿ. ಅಂದು ಆ ರಸ್ತೆಯಲ್ಲಿ ಹಣ ಕೊಟ್ಟು ಸಾಗಿದ್ದಕ್ಕೆ ಅದೇ ಸಾಕ್ಷಿ, ಗ್ರಾಹಕ ಆಯೋಗದ ಮುಂದೆಯೂ ಅದು ಬೇಕಾಗುತ್ತದೆ. ಇನ್ನೊಂದು ಮಾತು: ಫಾಸ್ಟ್ಯಾಗ್‌ನಲ್ಲಿ ಸಾಕಷ್ಟು ಹಣವಿದ್ದು ರಾಷ್ಟ್ರೀಯ ಹೆದ್ದಾರಿಯ ಪ್ಲಾಜಾದ ಯಂತ್ರವೇ ಕೆಟ್ಟಿದ್ದರೆ ಶುಲ್ಕವಿಲ್ಲದೆ ಬಿಟ್ಟು ಶೂನ್ಯ ರಶೀದಿ ಕೊಡಬೇಕೆಂಬ ನಿಯಮವಿದೆ.

ಮೈಗೆ ಪೆಟ್ಟಾದರೆ

ಹಾಳಾದ ರಿಮ್ಮಿಗಾಗಿ ನ್ಯಾಯಾಲಯದ ಮೆಟ್ಟಿಲು ಹತ್ತುವುದನ್ನು ನಾನು ಯಾರಿಗೂ ಹೇಳುವುದಿಲ್ಲ. ವಕೀಲರ ಶುಲ್ಕವೇ ರಿಮ್ಮಿನ ಬೆಲೆ ದಾಟುತ್ತದೆ, ಸರ್ಕಾರದ ವಿರುದ್ಧ ದಾವೆ ಹೂಡುವ ಮೊದಲು ಎರಡು ತಿಂಗಳ ನೋಟಿಸನ್ನೂ ಕೊಡಬೇಕು. ಗಾಯವೋ ಸಾವೋ ಆದಾಗ ಪರಿಸ್ಥಿತಿ ಬೇರೆ. ಸುಸ್ಥಿತಿಯ ರಸ್ತೆ ಸಂವಿಧಾನದ 21ನೇ ವಿಧಿಯ ಹಕ್ಕಿನ ಭಾಗವೆಂದೂ ಗುಂಡಿಗಳಿಂದ ತೊಂದರೆಗೊಳಗಾದವರು ಪಾಲಿಕೆಯಿಂದ ಪರಿಹಾರ ಕೇಳಬಹುದೆಂದೂ ಕರ್ನಾಟಕ ಹೈಕೋರ್ಟ್ 2019ರಲ್ಲಿ ಹೇಳಿದೆ. ಬಾಂಬೆ ಹೈಕೋರ್ಟ್ 2025ರ ಅಕ್ಟೋಬರ್‌ನಲ್ಲಿ ಗುಂಡಿಯಿಂದಾದ ಸಾವಿಗೆ 6 ಲಕ್ಷ, ಗಾಯಕ್ಕೆ 50,000ದಿಂದ 2.5 ಲಕ್ಷ ರೂಪಾಯಿವರೆಗೆ ಪರಿಹಾರ ನಿಗದಿ ಮಾಡಿದೆ. ಅದು ಇಲ್ಲಿಗೆ ನೇರವಾಗಿ ಅನ್ವಯಿಸದಿದ್ದರೂ ಅರ್ಜಿಯಲ್ಲಿ ಉಲ್ಲೇಖಿಸಲು ಅಡ್ಡಿಯಿಲ್ಲ. ಮೋಟಾರು ವಾಹನ ಕಾಯ್ದೆಯ 198ಎ ಸೆಕ್ಷನ್ ರಸ್ತೆಯ ವಿನ್ಯಾಸ ಮತ್ತು ನಿರ್ವಹಣೆಯ ಲೋಪದಿಂದ ಸಾವು ಅಥವಾ ಅಂಗವೈಕಲ್ಯ ಉಂಟಾದರೆ ಹೊಣೆಗಾರರಿಗೆ ಒಂದು ಲಕ್ಷ ರೂಪಾಯಿವರೆಗೆ ದಂಡ ವಿಧಿಸುತ್ತದೆ, ಆದರೆ ಆ ಹಣ ಅಪಘಾತ ನಿಧಿಗೆ ಹೋಗುತ್ತದೆಯೇ ಹೊರತು ಗಾಯಾಳುವಿನ ಕೈಗಲ್ಲ.

ಇಂಥ ಸಂದರ್ಭದಲ್ಲಿ ಪೊಲೀಸರಿಗೆ ಕೊಡುವ ಹೇಳಿಕೆಯಲ್ಲಿ ಗುಂಡಿಯ ಸ್ಥಳ, ಅಳತೆ, ಬೀದಿದೀಪ ಉರಿಯುತ್ತಿತ್ತೇ ಎಂಬುದು ಬರಹದಲ್ಲಿ ಇರಲೇಬೇಕು. ‘ಆಯತಪ್ಪಿ ಬಿದ್ದರು’ ಎಂದಷ್ಟೇ ಬರೆದುಕೊಂಡರೆ ಬಿದ್ದವರ ಮೇಲೆಯೇ ಅಜಾಗರೂಕ ಚಾಲನೆಯ ಪ್ರಕರಣ ದಾಖಲಾಗುವುದುಂಟು. ಆಸ್ಪತ್ರೆಯ ದಾಖಲೆಯಲ್ಲೂ ಅದೇ ಕಾರಣ ನಮೂದಾಗಿದೆಯೇ ಎಂದು ಓದಿ ನೋಡಬೇಕು. ನಂತರ ಆ ರಸ್ತೆಯ ನಿವಾಸಿಗಳನ್ನು ಕಂಡು, ಅಪಘಾತಕ್ಕೆ ಮುಂಚೆ ಅದೇ ಗುಂಡಿಯ ಬಗ್ಗೆ ಯಾರಾದರೂ ದೂರು ಕೊಟ್ಟಿದ್ದರೆ ಅದರ ಸಂಖ್ಯೆ ಮತ್ತು ದಿನಾಂಕ ಪಡೆಯಬೇಕು. ಗುಂಡಿಯಿರುವುದು ಕಚೇರಿಗೆ ಮೊದಲೇ ಗೊತ್ತಿತ್ತು ಎಂದು ತೋರಿಸಲು ಅದಕ್ಕಿಂತ ಬಲವಾದ ಪುರಾವೆ ವಕೀಲರಿಗೆ ಬೇರೆ ಸಿಗುವುದು ಕಷ್ಟ.