ಎರಿ ಮಣ್ಣಿನ ನೀರು, ಮೂರು ದಿನದ ಪಾಠ

ರಬಕವಿ-ಬನಹಟ್ಟಿ ಭಾಗದ ನಮ್ಮ ಶಾಲೆಯಲ್ಲಿ ಆರು, ಏಳನೇ ತರಗತಿಗೆ ನೀರು ಸೋಸುವ ಪಾಠವನ್ನು ಒಂದೇ ಪಿರಿಯಡ್‌ನಲ್ಲಿ ಮುಗಿಸುವುದನ್ನು ನಾನು ಬಿಟ್ಟಿದ್ದೇನೆ. ಬಾಟಲಿಯಲ್ಲಿ ಹರಳು, ಉಸುಕು, ಇದ್ದಲಿ ತುಂಬಿ, ಮೇಲಿನಿಂದ ಕೊಳಕು ನೀರು ಸುರಿದು, ಕೆಳಗೆ ತಿಳಿನೀರು ಬಂದಕೂಡಲೇ ಚಪ್ಪಾಳೆ ತಟ್ಟಿಸಿದರೆ ಮಕ್ಕಳು ತಪ್ಪು ಕಲಿತು ಮನೆಗೆ ಹೋಗುತ್ತಾರೆ. “ನೀರ ತಿಳಿ ಆತಲ್ರಿ ಸರ್, ಕುಡೀಲೇನ್ರಿ?” ಎಂದು ಒಬ್ಬರಾದರೂ ಕೇಳುತ್ತಾರೆ. ಆ ಪ್ರಶ್ನೆಗೆ ಕಣ್ಣಾರೆ ಕಾಣುವ ಉತ್ತರ ಸಿಗಬೇಕಾದರೆ ಮೂರು ದಿನ ಬೇಕು.

ಮೊದಲ ದಿನ ಬಾಟಲಿ ಮುಟ್ಟುವುದಿಲ್ಲ. ಒಂದೇ ಅಳತೆಯ ಮೂರು ಗಾಜಿನ ಬರಣಿಗಳಲ್ಲಿ ಮಳೆನೀರು ತುಂಬಿ, ಒಂದಕ್ಕೆ ಒಂದು ಚಮಚ ಹೊಳಿ ಉಸುಕು, ಇನ್ನೊಂದಕ್ಕೆ ಮಸಾರಿ (ಕೆಂಪು) ಮಣ್ಣು, ಮೂರನೆಯದಕ್ಕೆ ಜರಡಿ ಹಿಡಿದ ಎರಿ (ಕಪ್ಪು) ಮಣ್ಣು ಹಾಕಿ ಕಲಕಿಸುತ್ತೇನೆ. ಉಸುಕು ನೋಡನೋಡುತ್ತಲೇ ತಳ ಸೇರುತ್ತದೆ. ಮಸಾರಿಯ ಹೆಚ್ಚಿನ ಭಾಗ ಊಟದ ಬಿಡುವಿನ ಹೊತ್ತಿಗೆ ಇಳಿದಿರುತ್ತದೆ. ಎರಿ ಮಣ್ಣಿನ ಬರಣಿ ಮಾತ್ರ ಮರುದಿನವೂ ಬಗ್ಗಡ. ಅದರಲ್ಲಿ ತುಂಬಿರುವ ಜೇಡಿಕಣದ ಗಾತ್ರ 2 ಮೈಕ್ರಾನ್‌ಗಿಂತ (ಮಿಲಿಮೀಟರಿನ ಸಾವಿರದಲ್ಲಿ ಎರಡು ಪಾಲಿಗಿಂತ) ಕಡಿಮೆ. ಸರಿಯಾಗಿ 2 ಮೈಕ್ರಾನ್ ಇರುವ ಕಣವೂ ನಿಂತ ನೀರಿನಲ್ಲಿ 10 ಸೆಂ.ಮೀ. ಇಳಿಯಲು ಸುಮಾರು 8 ಗಂಟೆ ತೆಗೆದುಕೊಳ್ಳುತ್ತದೆ, ಅದಕ್ಕಿಂತ ಸಣ್ಣವು ಇನ್ನೂ ನಿಧಾನ. ಸಾಲದ್ದಕ್ಕೆ ಈ ಕಣಗಳೆಲ್ಲ ಋಣ ವಿದ್ಯುದಂಶ ಹೊತ್ತಿರುವುದರಿಂದ ಒಂದನ್ನೊಂದು ದೂರ ತಳ್ಳುತ್ತವೆ, ಕೂಡಿ ಗಂಟಾಗುವುದಿಲ್ಲ. ಇಲ್ಲಿ ಬೋರಿನ ಗಡಸು ನೀರು ಬಳಸಬೇಡಿ. ಅದರಲ್ಲಿರುವ ಕ್ಯಾಲ್ಸಿಯಂ ಕಣಗಳನ್ನು ಕೂಡಿಸಿಬಿಡುತ್ತದೆ, ಎರಿ ಮಣ್ಣೂ ಬೇಗ ಇಳಿದು ಪ್ರಯೋಗ ಕೆಡುತ್ತದೆ.

ಎರಡನೇ ದಿನ ಬಾಟಲಿ. ಎರಡು ಲೀಟರಿನದಾದರೆ ಒಳ್ಳೆಯದು. ತಳವನ್ನು 3 ಸೆಂ.ಮೀ. ಮೇಲಕ್ಕೆ ನಾನೇ ಕತ್ತರಿಸುತ್ತೇನೆ, ಮುಚ್ಚಳಕ್ಕೆ ಕಾಯಿಸಿದ ದಬ್ಬಣದಿಂದ ನಾಲ್ಕು ತೂತು ಹಾಕುವುದೂ ನನ್ನ ಕೆಲಸವೇ. ಬಾಟಲಿ ಬೋರಲಾಗಿ ಹಿಡಿದು, ಕೊರಳಿಗೆ ಎರಡು ಮಡಿಕೆ ಹಳೆಯ ಧೋತರದ ಬಟ್ಟೆ ಇಟ್ಟು, ಕೆಳಗಿನಿಂದ ಮೇಲಕ್ಕೆ ಹೀಗೆ ತುಂಬಬೇಕು: ಕಡಲೆಕಾಳಿನಷ್ಟು ದಪ್ಪ ಹರಳು 4 ಸೆಂ.ಮೀ., ಜೋಳದ ಕಾಳಿನಷ್ಟು ದಪ್ಪ ಉಸುಕು 3, ಅಷ್ಟೇ ಗಾತ್ರಕ್ಕೆ ಕುಟ್ಟಿದ ಇದ್ದಲಿ 5, ರವೆಯಂಥ ಸಣ್ಣ ಉಸುಕು 7, ಎಲ್ಲಕ್ಕೂ ಮೇಲೆ ಮತ್ತೆ ಹರಳು 2. ಮೇಲಿನ ಹರಳನ್ನು ಬಿಟ್ಟರೆ, ಸುರಿದ ನೀರು ಉಸುಕಿನಲ್ಲಿ ಕುಣಿ ತೋಡಿ ನೇರ ಕೆಳಗಿಳಿಯುತ್ತದೆ. ನಡುವಿನ ಜೋಳದಗಾತ್ರದ ಉಸುಕು ಬಿಟ್ಟರೆ ಇದ್ದಲಿ ಪುಡಿ ಹರಳಿನ ಸಂದಿಯಿಂದ ಸೋರುತ್ತದೆ. ಗಾತ್ರ ಬೇರೆ ಮಾಡಲು ಮನೆಯ ಸಾಣಿಗಿಗಳೇ ಸಾಕು.

ಹೆಚ್ಚು ಕೆಡುವುದು ತೊಳೆಯುವುದರಲ್ಲಿ. ಉಸುಕನ್ನು ಬಕೆಟ್ಟಿನಲ್ಲಿ ಎಂಟು-ಹತ್ತು ಸಲ, ಮೇಲಿನ ನೀರು ತಿಳಿಯಾಗುವವರೆಗೆ ತೊಳೆಯದಿದ್ದರೆ ಒಳಗೆ ಹೋದ ನೀರಿಗಿಂತ ಹೊರಬಂದದ್ದೇ ಹೊಲಸಾಗಿರುತ್ತದೆ. ಇದ್ದಲಿಯನ್ನು ಹಿಂದಿನ ರಾತ್ರಿಯೇ ನೆನೆಹಾಕಬೇಕು, ಒಣ ಇದ್ದಲಿ ತೇಲಿ ಪದರ ಕಲಸುತ್ತದೆ. ಇಸ್ತ್ರಿ ಅಂಗಡಿಯಿಂದ ತರುವಾಗ ಜೊತೆಗೆ ಬೂದಿ ಬಂದಿದ್ದರೆ ಜಾಲಿಸಿ ತೆಗೆಯಿರಿ, ಬೂದಿ ನೀರನ್ನು ಕ್ಷಾರವಾಗಿಸುತ್ತದೆ. ತುಂಬುವಾಗ ಪ್ರತಿ ಪದರವನ್ನೂ ಒದ್ದೆಯಾಗಿಯೇ ಹಾಕಿ ಬಾಟಲಿಯನ್ನು ಮೆಲ್ಲಗೆ ತಟ್ಟಬೇಕು. ಒಂದು ಗ್ಲಾಸ್ ನೀರು ಅರ್ಧ ನಿಮಿಷದಲ್ಲೇ ಇಳಿದುಹೋದರೆ ಅದು ಉಸುಕಿನೊಳಗಿಂದ ಬಂದಿಲ್ಲ, ಬಾಟಲಿಯ ಗೋಡೆಗುಂಟ ಜಾರಿದೆ. ಐದು ನಿಮಿಷವಾದರೂ ಹಿಡಿಯಬೇಕು, ಬೇಕಾದರೆ ಎರಡು ತೂತಿಗೆ ಮೇಣ ಹಚ್ಚಿ.

ಈಗ ಮಸಾರಿ ನೀರು ಸುರಿದರೆ ಬಹುಪಾಲು ತಿಳಿಯಾಗುತ್ತದೆ, ಎರಿ ನೀರು ಆಗುವುದಿಲ್ಲ. ನಮ್ಮ ಕಡೆ ಶಿಕ್ಷಕರು ಬಾಟಲಿಯೇ ಕೆಟ್ಟಿತೆಂದು ತಿಳಿಯುವುದು ಇಲ್ಲೇ. ಬಾಟಲಿ ಕೆಟ್ಟಿಲ್ಲ, ಕಣ ಉಸುಕಿನ ಸಂದಿಗಿಂತ ಬಹಳ ಸಣ್ಣದು, ಅಷ್ಟೇ. ಈ ಸೋಲನ್ನು ಮಕ್ಕಳು ನೋಡಲೇಬೇಕು. ಆಮೇಲೆ 1 ಗ್ರಾಂ ಪಟಕವನ್ನು (ಆಲಂ) 100 ಮಿ.ಲೀ. ನೀರಿನಲ್ಲಿ ಕರಗಿಸಿ, ಅದರಿಂದ 5 ಮಿ.ಲೀ.ಯನ್ನು ಒಂದು ಲೀಟರ್ ಎರಿ ನೀರಿಗೆ ಹಾಕಿಸುತ್ತೇನೆ. ಒಂದು ನಿಮಿಷ ಜೋರಾಗಿ, ಹತ್ತು ನಿಮಿಷ ತೀರ ನಿಧಾನ ತಿರುಗಿಸಬೇಕು. ಹಿಂಜಿದ ಅರಳೆಯಂಥ ಸಣ್ಣ ಗಂಟುಗಳು ಹುಟ್ಟುತ್ತವೆ, ಒಂದಕ್ಕೊಂದು ಅಂಟಿ ದಪ್ಪವಾಗಿ ತೂಗಾಡುತ್ತ ಇಳಿಯತೊಡಗುತ್ತವೆ. ಆ ಹೊತ್ತಿಗೆ ತರಗತಿ ತಾನಾಗಿಯೇ ಸುಮ್ಮನಾಗಿರುತ್ತದೆ. ಅವಸರದ ಹುಡುಗರು ಜೋರಾಗಿ ತಿರುಗಿಸಿದರೆ ಗಂಟು ಒಡೆದು ಮತ್ತೆ ಬಗ್ಗಡವಾಗುತ್ತದೆ. ಗಂಟು ಕಾಣದಿದ್ದರೆ ಇನ್ನೂ 2-3 ಮಿ.ಲೀ. ಸೇರಿಸಿ. ಅರ್ಧ ಗಂಟೆ ಬಿಟ್ಟು ಮೇಲಿನ ನೀರನ್ನು ಬಾಟಲಿಗೆ ಹಾಕಿದರೆ ಗಾಜಿನಂತೆ ಬರುತ್ತದೆ.

ಬಣ್ಣ ಹಾಕುವ ಕೆಲಸವನ್ನು ನೇಕಾರರ ಮನೆಯ ಮಕ್ಕಳು ದಿನವೂ ನೋಡಿರುತ್ತಾರೆ, ಗಟಾರಕ್ಕೆ ಹೋಗುವ ಕೆಂಪು, ನೀಲಿ ನೀರು ಅವರಿಗೆ ಹೊಸದಲ್ಲ. ಒಂದು ಗ್ಲಾಸಿಗೆ ಒಂದು ಹನಿ ನೀಲಿ ಶಾಯಿ ಹಾಕಿ ಸುರಿಸಿ. ಬಣ್ಣ ಬಹಳಷ್ಟು ತಗ್ಗುತ್ತದೆ. ಗ್ಲಾಸಿನ ಮೇಲೆ ಗ್ಲಾಸ್ ಸುರಿಯುತ್ತ ಹೋದಂತೆ ಮತ್ತೆ ಇಣುಕುತ್ತದೆ, ಇದ್ದಲಿಯ ಮೈ ತುಂಬಿತೆಂದು ಅರ್ಥ. ಹಿಡಿದ ಬಣ್ಣ ಎಲ್ಲೂ ಮಾಯವಾಗಿಲ್ಲ, ಇದ್ದಲಿಯಲ್ಲೇ ಕೂತಿದೆ. ಇದನ್ನು ಬಿಡಿಸಿ ಹೇಳಬೇಕು.

ಮೂರನೇ ದಿನ ಕಣ್ಣಿಗೆ ಕಾಣದ್ದು. ಒಂದು ಲೀಟರಿಗೆ ಒಂದು ಚಮಚ ಉಪ್ಪು ಕರಗಿಸಿ ಸೋಸಿ, ಸೋಸುವ ಮುಂಚಿನ ಎರಡು ಚಮಚ ಮತ್ತು ಸೋಸಿದ ಎರಡು ಚಮಚ ನೀರನ್ನು ಬೇರೆ ಬೇರೆ ಸ್ಟೀಲ್ ತಟ್ಟೆಯಲ್ಲಿ ಬಿಸಿಲಿಗಿಡುತ್ತೇನೆ. ಎರಡರಲ್ಲೂ ಒಂದೇ ಥರದ ಬಿಳಿ ಕಲೆ ಉಳಿಯುತ್ತದೆ. ವಿಜಯಪುರದ ಡೋಣಿ ಹೊಳಿ ನೀರು ಯಾಕೆ ಸೋಸಿದರೂ ಉಪ್ಪೆಂಬುದು, ಬೋರಿನ ಫ್ಲೋರೈಡ್ ಉಸುಕಿಗೆ ಯಾಕೆ ಸಿಗುವುದಿಲ್ಲ ಎಂಬುದು ಆ ತಟ್ಟೆ ನೋಡಿದ ಮೇಲೆ ಹೇಳಿದರೆ ಹತ್ತುತ್ತದೆ.

ಬೇಸಿಗೆಯಲ್ಲಿ ಹೊಳಿ ಉಸುಕು ತೋಡಿದ ವರ್ತಿಯಲ್ಲಿ ತಿಳಿನೀರು ಊರುವುದನ್ನು ಅಜ್ಜಿಯರಿಂದ ಕೇಳಿದ ಮಕ್ಕಳು ‘ಅದನ್ನ ಕುಡೀತಿದ್ರಲ್ರಿ’ ಎನ್ನುತ್ತಾರೆ. ಸರಿಯಾದ ಮಾತು. ಅಲ್ಲಿ ನೀರು ಆಳವಾದ ಉಸುಕಿನಲ್ಲಿ ದಿನಗಟ್ಟಲೆ ನಿಧಾನ ಸರಿದಿರುತ್ತದೆ, ಉಸುಕಿನ ಕಣಗಳಿಗೆ ಅಂಟಿದ ಜೀವಿಗಳ ಪದರ ರೋಗಾಣುಗಳನ್ನು ತಿನ್ನುತ್ತದೆ. ಅಂಥ ಪದರ ಕಟ್ಟಲು ಸದಾ ಒದ್ದೆಯಿರುವ ಉಸುಕಿಗೂ ಎರಡು-ಮೂರು ವಾರ ಬೇಕು. ನಮ್ಮ 7 ಸೆಂ.ಮೀ. ಉಸುಕಿಗೆ, ಐದು ನಿಮಿಷಕ್ಕೆ ಅದು ಸಾಧ್ಯವಿಲ್ಲ. ಉಸುಕು ಬಗೆದು ಸಾಗಿಸಿದ ಕಡೆ ಹೊಳಿಗೂ ಸಾಧ್ಯವಿಲ್ಲ.

ಕೊನೆಗೆ ರೋಗಾಣು ಪರೀಕ್ಷೆಯ ಸಣ್ಣ ಬಾಟಲಿ. ಗ್ರಾಮ ಪಂಚಾಯಿತಿಯ ನೀರು ಪರೀಕ್ಷೆ ಕಿಟ್‌ನಲ್ಲಿರುವ, ಹೊಲಸಿನ ರೋಗಾಣು ಇದ್ದರೆ ಕಪ್ಪಾಗುವ ಎಚ್‌ಟುಎಸ್ ಬಾಟಲಿ ಎರಡು ಕೇಳಿ ತಂದು, ಒಂದಕ್ಕೆ ಪಟಕ ಹಾಕಿ ಸೋಸಿದ ಕೆರೆನೀರು, ಇನ್ನೊಂದಕ್ಕೆ ಅದೇ ನೀರನ್ನು ಕುದಿಸಿ ಮುಚ್ಚಿಟ್ಟು ಆರಿಸಿದ್ದನ್ನು ಗುರುತಿನವರೆಗೆ ತುಂಬಿ 24ರಿಂದ 48 ಗಂಟೆ ಬೆಚ್ಚಗಿನ ಜಾಗದಲ್ಲಿಡುತ್ತೇನೆ. ಸೋಸಿದ ನೀರಿನದು ಕಪ್ಪಾಗುತ್ತದೆ, ಕುದಿಸಿದ್ದು ಹಾಗೇ ಉಳಿಯುತ್ತದೆ. ಕಪ್ಪಾದ ಬಾಟಲಿಯನ್ನು ಮಕ್ಕಳ ಕೈಗೆ ಕೊಡಬೇಡಿ. ಶಾಲೆ ಬಿಟ್ಟ ಮೇಲೆ ಕೈಗವಸು ಹಾಕಿ, ಬ್ಲೀಚಿಂಗ್ ಪುಡಿ ಕರಗಿಸಿದ ನೀರಿನಲ್ಲಿ ಮುಚ್ಚಳ ತೆರೆದು ಒಂದು ಗಂಟೆ ಮುಳುಗಿಸಿಟ್ಟು, ನೀರಿನ ಸೆಲೆಯಿಂದ ದೂರ ಗುಂಡಿ ತೋಡಿ ಚೆಲ್ಲಿ.