15 ಗ್ರಾಂನಿಂದ 4 ಗ್ರಾಂಗೆ: ಮಗಳ ಚಾಕೊಲೇಟ್ ಹಾಲಿನ ಲೆಕ್ಕ

ಮಗಳಿಗೆ ಐದು ತುಂಬಿದ ಮೇಲೆ ಬರಿಯ ಹಾಲು ಸೇರದಾಯಿತು. ಲೋಟ ಮುಂದಿಟ್ಟರೆ ಮುಖ ತಿರುಗಿಸುತ್ತಿದ್ದಳು. ಗದರಿದರೆ ಬಾಯಿ ತುಂಬಿಸಿಕೊಂಡು ನುಂಗದೆ ಕೂತುಬಿಡುತ್ತಿದ್ದಳು. ಒಂದು ದಿನ ಚಾಕೊಲೇಟ್ ಪುಡಿ ಕಲಸಿ ಕೊಟ್ಟೆ, ಗಟಗಟನೆ ಕುಡಿದು ಖಾಲಿ ಲೋಟ ನನ್ನ ಕೈಗಿಟ್ಟಳು. ಅಲ್ಲಿಂದ ವರ್ಷವಿಡೀ ಬೆಳಿಗ್ಗೆ ಒಂದು, ಸಂಜೆ ಒಂದು. ಹೇಗೋ ಹಾಲು ಹೊಟ್ಟೆಗೆ ಹೋಗುತ್ತಿದೆಯಲ್ಲ ಎಂಬ ಸಮಾಧಾನದಲ್ಲಿ ಡಬ್ಬದ ಹಿಂಬದಿಯನ್ನು ತಿರುಗಿಸಿಯೂ ನೋಡಿರಲಿಲ್ಲ.

ನೋಡಿದ ದಿನವೇ ಅಡುಗೆಮನೆಯ ಪುಟ್ಟ ತೂಕದ ಯಂತ್ರ ಹೊರಗೆ ತೆಗೆದೆ. ಅವಳು ಹಾಕಿಸಿಕೊಳ್ಳುತ್ತಿದ್ದ ಎರಡು ತುಂಬು ಚಮಚ ಪುಡಿ 20 ಗ್ರಾಂ ತೂಗಿತು. ಡಬ್ಬದ ಮೇಲೆ 100 ಗ್ರಾಂ ಪುಡಿಯಲ್ಲಿ 75 ಗ್ರಾಂ ಸಕ್ಕರೆ ಎಂದಿತ್ತು. ಅಂದರೆ ಲೋಟಕ್ಕೆ 15 ಗ್ರಾಂ, ಹತ್ತಿರಹತ್ತಿರ ನಾಲ್ಕು ಟೀ ಚಮಚ ಸಕ್ಕರೆ. ದಿನಕ್ಕೆ 30 ಗ್ರಾಂ. ವಿಶ್ವ ಆರೋಗ್ಯ ಸಂಸ್ಥೆಯ 2015ರ ಮಾರ್ಗಸೂಚಿಯ ಪ್ರಕಾರ ಸೇರಿಸಿದ ಸಕ್ಕರೆ, ಜೇನು, ಹಣ್ಣಿನ ರಸದ ಸಕ್ಕರೆ ಎಲ್ಲ ಕೂಡಿ ದಿನದ ಒಟ್ಟು ಕ್ಯಾಲೊರಿಯಲ್ಲಿ ಶೇ. 10ರ ಒಳಗಿರಬೇಕು, ಶೇ. 5ರ ಒಳಗಿದ್ದರೆ ಇನ್ನೂ ಒಳ್ಳೆಯದು. ದಿನಕ್ಕೆ 1,400 ಕ್ಯಾಲೊರಿ ಬೇಕಾಗುವ ಮಗುವಿಗೆ ಶೇ. 10 ಎಂದರೆ 35 ಗ್ರಾಂ, ಶೇ. 5 ಎಂದರೆ 17 ಗ್ರಾಂ ಚಿಲ್ಲರೆ. ಬಿಸ್ಕತ್ತು, ಸಿಹಿತಿಂಡಿ ಯಾವುದೂ ಬಾಯಿಗೆ ಬೀಳುವ ಮೊದಲೇ ನನ್ನ ಎರಡು ಲೋಟ ಹಾಲು ಅವಳ ದಿನದ ಪಾಲನ್ನು ಬಹುತೇಕ ಮುಗಿಸುತ್ತಿತ್ತು.

ಎದೆ ಧಸಕ್ಕೆಂದಿತು. ಮಾರನೆಯ ದಿನದಿಂದಲೇ ಪುಡಿ ಬಂದ್ ಮಾಡಿದೆ. ಅದು ತಪ್ಪಾಯಿತು. ನಾಲ್ಕು ದಿನ ಮಗು ಒಂದು ಗುಟುಕು ಹಾಲನ್ನೂ ಮುಟ್ಟಲಿಲ್ಲ. 200 ಮಿ.ಲೀ. ಹಾಲಿನಲ್ಲಿ ಆರೂವರೆ ಗ್ರಾಂ ಪ್ರೊಟೀನ್, 240 ಮಿ.ಗ್ರಾಂ ಆಸುಪಾಸು ಕ್ಯಾಲ್ಸಿಯಂ ಇರುತ್ತದೆ. ಜೊತೆಗೆ ಬಿ12, ರೈಬೋಫ್ಲೇವಿನ್, ಪೊಟ್ಯಾಸಿಯಂ. ಕೋಕೋ ಬೆರೆಸಿದ ಮಾತ್ರಕ್ಕೆ ಇದ್ಯಾವುದೂ ಓಡಿಹೋಗುವುದಿಲ್ಲ. ಸಕ್ಕರೆಯ ಮೇಲಿನ ಸಿಟ್ಟಿಗೆ ನಾನು ಹಾಲನ್ನೂ ಚೆಲ್ಲಿಬಿಟ್ಟಿದ್ದೆ.

ಕೋಕೋದಲ್ಲಿ ಆಕ್ಸಲೇಟ್ ಇದೆ, ಅದು ಕ್ಯಾಲ್ಸಿಯಂ ಅನ್ನು ಹಿಡಿದಿಟ್ಟುಕೊಳ್ಳುತ್ತದೆ, ಹಾಗಾಗಿ ಚಾಕೊಲೇಟ್ ಹಾಲು ಕುಡಿದೂ ದಂಡ ಎಂದು ಹೇಳುವವರಿದ್ದಾರೆ. ಆಕ್ಸಲೇಟ್ ಇರುವುದು ನಿಜ. ಆದರೆ ಒಂದು ಲೋಟಕ್ಕೆ ಬೀಳುವ ಕೋಕೋ ಎರಡು ಮೂರು ಗ್ರಾಂ ಮಾತ್ರ. ಹಾಲಿನ ಕ್ಯಾಲ್ಸಿಯಂ ಮುಂದೆ ಅದರ ಪರಿಣಾಮ ತೀರಾ ಸಣ್ಣದು.

ನಡುವೆ ಸಿದ್ಧ ಬಾಟಲಿಯ ಹಾಲನ್ನೂ ತಂದು ನೋಡಿದೆ. 200 ಮಿ.ಲೀ.ಗೆ 'ಒಟ್ಟು ಸಕ್ಕರೆ 20 ಗ್ರಾಂ' ಎಂದು ಓದಿ ಬಾಟಲಿಯನ್ನು ಅಲ್ಲೇ ಮೂಲೆಗಿಟ್ಟೆ. ಆಮೇಲೆ ತಿಳಿಯಿತು, ಹಾಲಿಗೆ ತನ್ನದೇ ಸಕ್ಕರೆ ಇದೆ: ಲ್ಯಾಕ್ಟೋಸ್, 100 ಮಿ.ಲೀ.ಗೆ ಸುಮಾರು 5 ಗ್ರಾಂ. ಹಾಲಿನೊಳಗೇ ಇರುವ ಈ ಲ್ಯಾಕ್ಟೋಸನ್ನು ಮೇಲೆ ಹೇಳಿದ ಮಿತಿಯಲ್ಲಿ ಲೆಕ್ಕಕ್ಕೆ ಹಿಡಿಯುವುದಿಲ್ಲ. ಹಾಗಾದರೆ ಆ 20ರಲ್ಲಿ 10 ಹಾಲಿನದು, 10 ಮಾತ್ರ ಸುರಿದದ್ದು. ನಾನು ಮನೆಯಲ್ಲಿ ಕಲಸುತ್ತಿದ್ದುದು ಬಾಟಲಿಗಿಂತ ಒಂದೂವರೆ ಪಟ್ಟು ಸಿಹಿ! 'ಸೇರಿಸಿದ ಸಕ್ಕರೆ' ಎಂದು ಬೇರೆ ಸಾಲು ಇದ್ದರೆ ಸರಿ, ಇಲ್ಲದಿದ್ದರೆ ಈ ಕಳೆಯುವ ಲೆಕ್ಕ ಸಾಕು.

ಇದನ್ನು ಮಾಡುವ ಮೊದಲು ಪ್ರೊಟೀನ್ ಸಾಲಿನ ಮೇಲೆ ಕಣ್ಣು ಹಾಯಿಸಿ. ಹಾಲೇ ಆಗಿದ್ದರೆ 100 ಮಿ.ಲೀ.ಗೆ 3 ಗ್ರಾಂ ಮೇಲೆ ಪ್ರೊಟೀನ್ ಇರುತ್ತದೆ. ಇನ್ನೊಂದು 'ಚಾಕೊಲೇಟ್ ಪೇಯ'ದಲ್ಲಿ 1.4 ಗ್ರಾಂ ಎಂದಿತ್ತು. ಅರ್ಧಕ್ಕರ್ಧ ನೀರು ಎಂದಾಯಿತು. ಪ್ರೊಟೀನ್ ಇಳಿದಿದ್ದರೆ ಲ್ಯಾಕ್ಟೋಸ್ ಕೂಡ ಅಷ್ಟೇ ಇಳಿದಿರುತ್ತದೆ, ಅಲ್ಲಿ ಕಾಣುವ ಸಕ್ಕರೆಯಲ್ಲಿ ಹೆಚ್ಚಿನದು ಹೊರಗಿನದೇ. ನಾನು ಈಗ ಅಂಗಡಿಯಲ್ಲಿ ಮೊದಲು ನೋಡುವುದು ಈ ಒಂದು ಸಾಲನ್ನು.

ಕೊನೆಗೆ ಸಕ್ಕರೆಯಿಲ್ಲದ ಕೋಕೋ ಪುಡಿ ತಂದೆ. ಮೊದಲ ದಿನ ಅದನ್ನು ತಣ್ಣನೆಯ ಹಾಲಿಗೆ ಸುರಿದು ತಿರುವಿದ್ದೇ ತಿರುವಿದ್ದು. ಪುಡಿ ಮೇಲೆ ತೇಲಿತು, ಒಳಗೆ ಒಣ ಗಂಟುಗಳು. ಕೋಕೋದಲ್ಲಿ ಕೊಬ್ಬು, ನಾರು, ಪಿಷ್ಟ ಇರುವುದರಿಂದ ಅದು ಸಕ್ಕರೆಯಂತೆ ಕರಗುವುದಿಲ್ಲ. ನೆನೆಸಬೇಕು ಅಷ್ಟೆ. ಈಗ ನಾನು ಲೋಟದ ತಳಕ್ಕೆ ಒಂದು ಮಟ್ಟ ಟೀ ಚಮಚ ಕೋಕೋ, ಸಕ್ಕರೆ, ಚಿಟಿಕೆಯಲ್ಲಿ ಅರ್ಧ ಉಪ್ಪು ಹಾಕಿ, ಎರಡು ಚಮಚ ಬಿಸಿ ಹಾಲು ಬಿಟ್ಟು, ಚಮಚದ ಬೆನ್ನಿನಿಂದ ಲೋಟದ ಗೋಡೆಗೆ ಒತ್ತಿ ತಿಕ್ಕುತ್ತೇನೆ. ಮೊದಲು ಕೆಸರಿನಂತೆ ಮಂಕಾಗಿರುತ್ತದೆ. ಅರ್ಧ ನಿಮಿಷ ಕಳೆದರೆ ಹೊಳಪು ಬಂದು ಚಮಚಕ್ಕೆ ಅಂಟುವ ಹದಕ್ಕೆ ಬರುತ್ತದೆ. ಆಗ ಉಳಿದ ಹಾಲನ್ನು ಸ್ವಲ್ಪ ಸ್ವಲ್ಪವಾಗಿ ಬಿಡಬೇಕು. ಎಷ್ಟು ಚೆನ್ನಾಗಿ ಕಲಸಿದರೂ ಹತ್ತು ನಿಮಿಷಕ್ಕೆ ತಳದಲ್ಲಿ ಗಸಿ ನಿಲ್ಲುತ್ತದೆ. ಸಿದ್ಧ ಬಾಟಲಿಗಳಲ್ಲಿ ಹಾಗಾಗದಂತೆ ಕ್ಯಾರಗೀನನ್‌ನಂಥ ಪದಾರ್ಥ ಸೇರಿಸುತ್ತಾರೆ. ಮನೆಯಲ್ಲಿ ನಡುನಡುವೆ ಒಮ್ಮೆ ತಿರುವಿದರೆ ಆಯಿತು. ಉಪ್ಪು ಕಹಿಯನ್ನು ಅಡಗಿಸುತ್ತದೆ, ಅದರಿಂದ ಸಕ್ಕರೆ ಕಡಿಮೆ ಸಾಕು.

ಕ್ಷಾರ ಬಳಸಿ ಸಂಸ್ಕರಿಸಿದ ಕೋಕೋ, ಹಾಗೆ ಮಾಡದ ಕೋಕೋ ಎಂದು ಎರಡು ಬಗೆ ಸಿಗುತ್ತವೆ. ಕ್ಷಾರದ್ದರಲ್ಲಿ ಫ್ಲೇವನಾಲ್ (ಆರೋಗ್ಯಕ್ಕೆ ಒಳ್ಳೆಯದೆನ್ನುವ ಕೋಕೋದ ಅಂಶ) ಕಡಿಮೆ, ಕಹಿಯೂ ಕಡಿಮೆ. ನಾನು ಅದನ್ನೇ ಆರಿಸಿದೆ. ಎರಡೂವರೆ ಗ್ರಾಂ ಕೋಕೋದಿಂದ ಮಗುವಿಗೆ ದೊಡ್ಡ ಉಪಕಾರವೇನೂ ಆಗಬೇಕಿರಲಿಲ್ಲ, ಹಾಲು ಒಳಗೆ ಹೋಗಬೇಕಿತ್ತು.

ಸಕ್ಕರೆ ಇಳಿಸಿದ್ದು ನಿಧಾನವಾಗಿ. ಮೊದಲ ವಾರ ಹಳೆಯ ಪುಡಿಯನ್ನೇ ಮುಕ್ಕಾಲು ಹಾಕಿ, ಜೊತೆಗೆ ಚೂರು ಕೋಕೋ. ಎರಡನೆಯ ವಾರ ಪುಡಿ ಪೂರ್ತಿ ಬಿಟ್ಟು ಕೋಕೋ ಮತ್ತು ತೂಗಿದ 10 ಗ್ರಾಂ ಸಕ್ಕರೆ. ಅಲ್ಲಿಂದ ವಾರಕ್ಕೆ ಒಂದು ಗ್ರಾಂ. ಎಲ್ಲ ಸರಿಹೋಗುತ್ತಿದೆ ಎಂದು 8ರಿಂದ ಒಮ್ಮೆಲೇ 6ಕ್ಕೆ ಇಳಿಸಿದ ಬೆಳಿಗ್ಗೆ ಎರಡು ಗುಟುಕು ಕುಡಿದು, "ಅಮ್ಮಾ, ಇದು ನಿನ್ನೆ ಹಾಲಲ್ಲ" ಎಂದು ಲೋಟ ಸರಿಸಿದಳು. ನಾಲಿಗೆಗೆ ಎರಡು ಗ್ರಾಂ ಅಷ್ಟು ಸ್ಪಷ್ಟವಾಗಿ ಗೊತ್ತಾಗುತ್ತದೆ. ಮತ್ತೆ 7ಕ್ಕೆ ಏರಿಸಿ, ಹತ್ತು ದಿನ ಬಿಟ್ಟು 6ಕ್ಕೆ ಬಂದೆ. ಈ ಸಲ ಮಾತಿಲ್ಲದೆ ಕುಡಿದಳು.

ಹೊತ್ತನ್ನೂ ಬದಲಿಸಿದೆ. ಹಾಲಿನ ಕ್ಯಾಲ್ಸಿಯಂ ಊಟದ ಕಬ್ಬಿಣಾಂಶ ಹೀರಿಕೆಯಾಗುವುದನ್ನು ತಗ್ಗಿಸುತ್ತದೆ, ಅದಕ್ಕೆ ಊಟದ ಜೊತೆ ಹಾಲು ಕೊಡುವುದಿಲ್ಲ. ಕೋಕೋದಲ್ಲಿ ಕೆಫೀನ್ ಇದೆ, ಆದರೆ ನಮ್ಮ ಒಂದು ಚಮಚಕ್ಕೆ ಐದಾರು ಮಿ.ಗ್ರಾಂ ಮಾತ್ರ. ಆದರೂ ಸಂಜೆಯ ಲೋಟ ನಿಲ್ಲಿಸಿ ಬೆಳಿಗ್ಗೆಯದನ್ನು ಉಳಿಸಿಕೊಂಡೆ. ಒಂದೂವರೆ ವರ್ಷದ ಮಗುವಿಗೆ ಇದನ್ನು ಕೊಡಬಹುದಾ ಎಂದು ತಂಗಿ ಕೇಳಿದಾಗ ಬೇಡವೇ ಬೇಡ ಎಂದೆ. ಎರಡು ವರ್ಷದೊಳಗಿನ ಮಕ್ಕಳಿಗೆ ಸೇರಿಸಿದ ಸಕ್ಕರೆ ಬೇಕಿಲ್ಲ.

ಮೈದುನನ ಲೋಟಕ್ಕೆ ಮಾತ್ರ ಸಕ್ಕರೆ ಕಡಿಮೆ ಮಾಡಿಲ್ಲ. ಅವನು ಗಂಟೆಗಟ್ಟಲೆ ಸೈಕಲ್ ಹೊಡೆದು ಬರುವವನು. ದಣಿದ ಸ್ನಾಯುವಿಗೆ ಸಕ್ಕರೆಯೂ ಬೇಕು, ಪ್ರೊಟೀನೂ ಬೇಕು, ಬೆವರಿ ಹೋದ ನೀರೂ ಬೇಕು. ಈ ಹಾಲಿನಲ್ಲಿ ಮೂರೂ ಇವೆ. ಅಮೆರಿಕದ ಇಂಡಿಯಾನಾ ವಿಶ್ವವಿದ್ಯಾಲಯದವರು 2006ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಎರಡು ಕಠಿಣ ಸವಾರಿಗಳ ನಡುವಿನ ನಾಲ್ಕು ಗಂಟೆ ವಿಶ್ರಾಂತಿಯಲ್ಲಿ ಚಾಕೊಲೇಟ್ ಹಾಲು ಕುಡಿದ ಸೈಕಲ್ ಪಟುಗಳು ಕ್ರೀಡಾ ಪೇಯ ಕುಡಿದಾಗಿನಷ್ಟೇ ಚೆನ್ನಾಗಿ ಎರಡನೆಯ ಸವಾರಿ ಮಾಡಿದ್ದರು. ಇದ್ದವರು ಒಂಬತ್ತೇ ಜನ, ಅದನ್ನೂ ನೆನಪಿಡಬೇಕು. ಸೋಫಾದಿಂದ ಎದ್ದು ಬಂದು ಕುಡಿಯುವವರಿಗೆ ಈ ಲೆಕ್ಕ ಹೊಂದುವುದಿಲ್ಲ.

ಮಗಳದು ಈಗ 4 ಗ್ರಾಂಗೆ ನಿಂತಿದೆ. ಹೋದ ತಿಂಗಳು 3 ಹಾಕಿ ನೋಡಿದೆ, ಅರ್ಧ ಲೋಟ ಉಳಿಸಿ ಎದ್ದುಹೋದಳು. ಮಾರನೆಯ ದಿನ ಮತ್ತೆ 4 ತೂಗಿದೆ.